ಓದುಗರ ಪ್ರಶ್ನೆ: ದೇವರು ಕೊಟ್ಟ ಕೆಲಸ ಒಂದು, ಕರೆಗಳು ನೂರೆಂಟು

ಪ್ರಶ್ನೆ: ಸಭೆಯಲ್ಲಿ ಸಂಡೇ ಸ್ಕೂಲ್ ಮಕ್ಕಳಿಗೆ ಕಲಿಸುವ ಹೊಣೆ ನನಗಿದೆ. ಇದು ದೇವರೇ ಕೊಟ್ಟ ಕೆಲಸ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಕೊಯರ್, ಯುವಜನ ಕೂಟ, ಕನ್ವೆನ್ಷನ್ ತಯಾರಿ ಎಂದು ಯಾರೇ ಕರೆದರೂ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಅವೂ ದೇವರ ಕೆಲಸವೇ ಅಲ್ಲವೇ? ಕೊನೆಗೆ ಪಾಠ ಓದಲು ಕೂರುವುದು ಶನಿವಾರ ರಾತ್ರಿ, ಅದೂ ಕೈಯಲ್ಲಿ ಫೋನ್ ಹಿಡಿದು.
— ಓದುಗರು, ಗದಗ

ಉತ್ತರ: ಸತ್ಯವೇದದಲ್ಲಿ ನೆಹೆಮೀಯನ ಪುಸ್ತಕದ 5 ಮತ್ತು 6ನೇ ಅಧ್ಯಾಯಗಳನ್ನು ಒಂದೇ ಸಲಕ್ಕೆ ಓದಿ. ಬಿಡಿಬಿಡಿಯಾಗಿ ಓದಿದರೆ ಇಲ್ಲಿರುವ ಉತ್ತರ ಕೈತಪ್ಪುತ್ತದೆ.

6ನೇ ಅಧ್ಯಾಯ ಪ್ರಸಂಗಗಳಲ್ಲಿ ಎಲ್ಲರೂ ಕೇಳಿರುವುದೇ. ನೆಹೆಮೀಯನ ಮುಂದಾಳತ್ವದಲ್ಲಿ ಯೆರೂಸಲೇಮಿನ ಗೋಡೆ ಎದ್ದಿದೆ, ಬಾಗಿಲುಗಳಷ್ಟೇ ಬಾಕಿ. ಆಗ ಅವನ ವಿರೋಧಿಗಳಾದ ಸನ್ಬಲ್ಲಟ, ಗೆಷೆಮರು ಓನೋ ಬಯಲಿಗೆ ಬಾ, ಮಾತಾಡೋಣ ಎಂದು ಹೇಳಿ ಕಳಿಸುತ್ತಾರೆ. ಓನೋ ಅಲ್ಲಿಂದ ಸುಮಾರು 40 ಕಿಲೋಮೀಟರ್. ಹೋಗಿ ಬರಲು ಎರಡು ದಿನವಾದರೂ ಬೇಕು, ಗೋಡೆ ಮುಗಿಯಲು ಹಿಡಿದದ್ದೇ ಒಟ್ಟು 52 ದಿನ. ನಾಲ್ಕು ಸಲ ಕರೆ ಬಂತು. ನಾಲ್ಕು ಸಲವೂ ಅವನ ಉತ್ತರ ಒಂದೇ: ದೊಡ್ಡ ಕೆಲಸದಲ್ಲಿದ್ದೇನೆ, ಬರಲಾಗದು, ನಾನು ಬಂದರೆ ಕೆಲಸ ನಿಲ್ಲುತ್ತದೆ. ಐದನೆಯ ಸಲ ದಂಗೆಯ ಆರೋಪ ಹೊತ್ತ ಮುಚ್ಚದ ಪತ್ರ ಬಂತು. ಅದೆಲ್ಲ ನಿನ್ನ ಕಲ್ಪನೆ ಎಂದಷ್ಟೇ ಹೇಳಿ, ನನ್ನ ಕೈಗಳನ್ನು ಬಲಪಡಿಸು ಎಂದು ದೇವರನ್ನು ಬೇಡಿಕೊಂಡ. ಕೊನೆಗೆ ಶೆಮಾಯನೆಂಬವನು ಪ್ರವಾದಿಯ ಮಾತಿನಲ್ಲೇ ದೇವಾಲಯದೊಳಗೆ ಅಡಗಿಕೊಳ್ಳೋಣ ಎಂದ. ಅದಕ್ಕೂ ನೆಹೆಮೀಯ ಒಪ್ಪಲಿಲ್ಲ. ಕರೆ ದೇವರ ಹೆಸರಿನಲ್ಲಿ ಬಂದರೂ ಅದು ತನಗೆ ಬಂದ ಕರೆಯೇ ಎಂದು ಪರೀಕ್ಷಿಸಿದ.

ಇದೇ ಮನುಷ್ಯ 5ನೇ ಅಧ್ಯಾಯದಲ್ಲಿ ಏನು ಮಾಡಿದ ನೋಡಿ. ಹೊಲ, ದ್ರಾಕ್ಷಾತೋಟ ಒತ್ತೆ ಹೋಗಿವೆ, ಮಕ್ಕಳನ್ನು ದಾಸತ್ವಕ್ಕೆ ಕೊಡಬೇಕಾಗಿದೆ ಎಂದು ಬಡವರು ಗೋಳಿಟ್ಟರು. ಗೋಡೆ ಮುಗಿಯಲಿ, ಆಮೇಲೆ ನೋಡೋಣ ಎನ್ನಲಿಲ್ಲ. ದೊಡ್ಡ ಸಭೆ ಕೂಡಿಸಿ, ಸಾಲ ಕೊಟ್ಟವರನ್ನು ಎದುರಿಗೇ ಗದರಿಸಿ, ಹೊಲಮನೆ ಹಿಂದಿರುಗಿಸುವಂತೆ ಪ್ರಮಾಣ ಮಾಡಿಸಿದ. ಗೋಡೆ ಏಳುತ್ತಿದ್ದದ್ದು ಆ ಜನರಿಗಾಗಿಯೇ. ಅವರನ್ನು ಬಿಟ್ಟು ಗೋಡೆ ಮುಗಿಸಿದ್ದರೆ ಕೆಲಸದ ಅರ್ಥವೇ ಹೋಗುತ್ತಿತ್ತು. ಓನೋ ಕರೆ ಅವನನ್ನು ಆ ಜನರಿಂದ ದೂರ ಒಯ್ಯುತ್ತಿತ್ತು, ಬಡವರ ಕೂಗು ಹತ್ತಿರ ತಂದಿತು. ಹಾಗಾಗಿ ಅಡ್ಡ ಬಂದದ್ದೆಲ್ಲವನ್ನೂ ಅಡ್ಡಿ ಎಂದು ತಳ್ಳುವವರನ್ನು ಕಂಡರೆ ನಮಗೆ ಭಯವಾಗುತ್ತದೆ. ಯೇಸುಸ್ವಾಮಿ ಹೇಳಿದ ಸಮಾರ್ಯದವನ ಸಾಮ್ಯದಲ್ಲಿ ಗಾಯಗೊಂಡವನನ್ನು ದಾಟಿ ಹೋದವರು ದೇವಾಲಯದ ಸೇವೆಗೆ ಸೇರಿದ ಯಾಜಕನೂ ಲೇವಿಯನೂ ಎಂಬುದನ್ನು ಮರೆಯಬಾರದು.

ಈಗ ನಿಮ್ಮ ವಿಷಯ. ಯಾರಾದರೂ ಕರೆದಾಗ ಮೂರು ಸಂಗತಿ ಕೇಳಿಕೊಳ್ಳಿ: ಇದು ನನ್ನಿಂದಲೇ ಆಗಬೇಕೇ? ಇವತ್ತೇ ಆಗಬೇಕೇ? ನಾನು ಹೋದರೆ ಇಲ್ಲಿ ಯಾವುದು ನಿಲ್ಲುತ್ತದೆ? ನಿಮ್ಮ ತರಗತಿಯ ಮಗುವೊಂದು ಆಸ್ಪತ್ರೆ ಸೇರಿದರೆ ಪಾಠ ಮುಚ್ಚಿಟ್ಟು ಹೋಗಿ, ಅದೂ ನಿಮ್ಮ ಕೆಲಸವೇ. ಕನ್ವೆನ್ಷನ್‌ನ ಪೆಂಡಾಲು, ಊಟದ ಲೆಕ್ಕಕ್ಕೆ ಸಭೆಯಲ್ಲಿ ಬೇರೆ ಜನ ಇದ್ದಾರೆ. ಇಲ್ಲ ಎನ್ನುವಾಗ ಒಂದು ಹೆಸರನ್ನೂ ಸೂಚಿಸಿ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲಿ ವಿಧವೆಯರ ಊಟದ ವಿಷಯಕ್ಕೆ ಗೊಣಗಾಟ ಎದ್ದಾಗ ಅಪೊಸ್ತಲರು ಆ ಕೆಲಸವನ್ನು ಕೀಳು ಮಾಡಲಿಲ್ಲ. ಒಳ್ಳೇ ಹೆಸರುಳ್ಳ ಏಳು ಮಂದಿಯನ್ನು ಆರಿಸಿಕೊಳ್ಳಿರಿ ಎಂದರು, ತಾವು ಪ್ರಾರ್ಥನೆ ಮತ್ತು ವಾಕ್ಯದಲ್ಲಿ ನಿಂತರು.

ಎಡವಟ್ಟಾಗುವುದು 'ನೋಡೋಣ' ಎನ್ನುವಲ್ಲಿ. ನೀವು ಬೇಡ ಎಂದೇ ಅಂದುಕೊಂಡಿರುತ್ತೀರಿ, ಕೇಳಿದವರು ಆಯಿತು ಎಂದುಕೊಂಡು ಪಟ್ಟಿಯಲ್ಲಿ ಹೆಸರು ಬರೆದಿರುತ್ತಾರೆ. ಹಿರಿಯರಿಗೆ ಇಲ್ಲ ಎನ್ನುವುದು ಅಗೌರವವಲ್ಲ. "ಅಯ್ಯನವರೇ, ಈ ವರ್ಷ ಮಕ್ಕಳ ಪಾಠ ಒಂದನ್ನೇ ಹಿಡಿದಿದ್ದೇನೆ. ಇದು ನನ್ನಿಂದ ಆಗುವುದಿಲ್ಲ, ತಪ್ಪು ತಿಳಿಯಬೇಡಿ" ಎಂದರೆ ಸಾಕು. ಕಾರಣ ಉದ್ದ ಮಾಡಿದರೆ ಒಂದೊಂದು ಕಾರಣಕ್ಕೂ ಒಂದೊಂದು ಪರಿಹಾರ ಬರುತ್ತದೆ, ಕೊನೆಗೆ ಒಪ್ಪಿಕೊಂಡಿರುತ್ತೀರಿ. ಮತ್ತೆ ಕೇಳಿದರೆ ಅದೇ ಮಾತು, ಅದೇ ದನಿ.

ಪಾಠದ ತಯಾರಿಯನ್ನು ಶನಿವಾರದಿಂದ ಬಿಡಿಸಿ. ಸೋಮವಾರ ಆ ವಾರದ ವೇದಭಾಗವನ್ನು ಗಟ್ಟಿಯಾಗಿ ಮೂರು ಸಲ ಓದಿ, ಹದಿನೈದು ನಿಮಿಷ ಸಾಕು. ಮಂಗಳವಾರ ಮಕ್ಕಳಿಗೆ ತಲುಪಬೇಕಾದ್ದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಎರಡು ವಾಕ್ಯ ಬೇಕೆನಿಸಿದರೆ ಪಾಠ ಇನ್ನೂ ಹದಕ್ಕೆ ಬಂದಿಲ್ಲ. ಬುಧವಾರ ಮೂರು ಪ್ರಶ್ನೆ, ಗುರುವಾರ ಚಿತ್ರ, ಕಾಗದ, ಬಣ್ಣ ಹೊಂದಿಸುವುದು. ಶುಕ್ರವಾರ ಗಡಿಯಾರ ಎದುರಿಗಿಟ್ಟು ಕಥೆಯನ್ನು ಬಾಯಿಬಿಟ್ಟು ಹೇಳಿ ನೋಡಿ. ಚಿಕ್ಕ ಮಕ್ಕಳಿಗೆ ಹನ್ನೆರಡು ನಿಮಿಷ ದಾಟಿದರೆ ಕತ್ತರಿಸಿ.

ಫೋನ್ ಪಕ್ಕದ ಕೋಣೆಯಲ್ಲಿರಲಿ, ಓದುವುದು ಅಚ್ಚಿನ ಸತ್ಯವೇದದಲ್ಲೇ ಆಗಲಿ. ಚಿತ್ರ ಹುಡುಕಲೆಂದು ಫೋನ್ ತೆರೆದವರೇ ಹೆಚ್ಚಾಗಿ ವಿಡಿಯೋದಲ್ಲಿ ಮುಳುಗುವುದು. ಹುಡುಕಬೇಕಾದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಗುರುವಾರ ಒಂದೇ ಸಲ ಹುಡುಕಿ. ಓದುವಾಗ ಗ್ಯಾಸ್ ಬುಕ್ ಮಾಡಬೇಕಿತ್ತಲ್ಲ ಎಂದು ನೆನಪಾದರೆ ಅದೂ ಆ ಚೀಟಿಗೇ ಹೋಗಲಿ. ಬರೆದಿಟ್ಟ ವಿಚಾರ ಮತ್ತೆ ಮತ್ತೆ ಕಾಡುವುದಿಲ್ಲ. ವಾಟ್ಸಾಪ್ ಗುಂಪುಗಳನ್ನು 'ಯಾವಾಗಲೂ' ಎಂಬ ಆಯ್ಕೆಯಲ್ಲಿ ಮ್ಯೂಟ್ ಮಾಡಿ. ಎಂಟು ಗಂಟೆಗಳ ಅವಧಿಗಷ್ಟೇ ಮಾಡಿದರೆ ಮರುದಿನ ಮತ್ತೆ ಮಾಡಲು ಮರೆಯುತ್ತೀರಿ. ನಿಜವಾಗಿ ಕಷ್ಟದಲ್ಲಿರುವವರು ಕರೆ ಮಾಡುತ್ತಾರೆ, ಹಾಗಾಗಿ ರಿಂಗ್ ಮಾತ್ರ ಬಿಟ್ಟಿರಿ.

ಪ್ರಶ್ನೆ: ನಮ್ಮ ಸಭೆಯ ಹಳೆಯ ದೀಕ್ಷಾಸ್ನಾನ, ಮದುವೆ ದಾಖಲೆಗಳನ್ನು ಓದಿ ಇತಿಹಾಸ ಬರೆಯುತ್ತಿದ್ದೇನೆ. ನಡುವೆ ಹಳೇ ಹಾಡು, ಹಳೇ ಫೋಟೋಗಳ ಹಿಂದೆ ಹೋಗಿ ವರ್ಷಗಳೇ ಕಳೆದವು. ಇದು ಗುರಿ ತಪ್ಪಿದಂತೆಯೇ?
— ಓದುಗರು, ಮಂಗಳೂರು

ಉತ್ತರ: ಅಡ್ಡದಾರಿಗಳೆಲ್ಲ ವ್ಯರ್ಥವಲ್ಲ. ನಿಮ್ಮ ಊರಿನದೇ ಉದಾಹರಣೆ ಇದೆ. ಬಾಸೆಲ್ ಮಿಷನ್ನಿನ ಮಿಷನರಿ ಫರ್ಡಿನೆಂಡ್ ಕಿಟೆಲ್ ಕರ್ನಾಟಕಕ್ಕೆ ಬಂದದ್ದು 1853ರಲ್ಲಿ, ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ನಡುವೆ ಅವರು ಕೇಶಿರಾಜನ ಹಳಗನ್ನಡ ವ್ಯಾಕರಣ ಗ್ರಂಥ ಶಬ್ದಮಣಿದರ್ಪಣವನ್ನು, ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಸಂಪಾದಿಸಿದರು. ನಿಘಂಟಿನ ಪುಟ ತಿರುವಿದರೆ ಶಬ್ದಮಣಿದರ್ಪಣದ ಉಲ್ಲೇಖ ಮತ್ತೆ ಮತ್ತೆ ಸಿಗುತ್ತದೆ. ಆ ಕೆಲಸ ನಿಘಂಟಿಗೆ ಬಂದು ಸೇರಿತು.

ನಿಮ್ಮ ಫೋಟೋ, ಹಾಡುಗಳಿಗೂ ಇದೇ ಅಳತೆ. ಒಂದು ಹಾಡಿನಿಂದ ಇತಿಹಾಸದ ಯಾವ ಅಧ್ಯಾಯಕ್ಕೆ ಯಾವ ಸಾಲು ಬರುತ್ತದೆ ಎಂದು ಹೇಳಲಾದರೆ ಮುಂದುವರಿಯಿರಿ. ಹೇಳಲಾಗದಿದ್ದರೆ ಬೇರೆ ನೋಟ್‌ಬುಕ್ಕಿನಲ್ಲಿ ಬರೆದು, ಎಲ್ಲಿ ಸಿಕ್ಕಿತು ಎಂದು ಗುರುತು ಹಾಕಿ ಮುಚ್ಚಿಡಿ. ದಾಖಲೆಗಳನ್ನು ಹತ್ತು ಹತ್ತು ವರ್ಷದ ಕಂತುಗಳಾಗಿ ಮಾಡಿಕೊಂಡು, ಒಂದು ಕಂತಿನ ಕರಡು ಬರೆಯುವ ಮುನ್ನ ಮುಂದಿನ ರಿಜಿಸ್ಟರ್ ತೆರೆಯಬೇಡಿ. ಇತಿಹಾಸ ಬರೆಯುವವರು ಸೋಲುವುದು ಇಲ್ಲೇ: ಎಲ್ಲ ಓದಿ ಮುಗಿಸಿ ಆಮೇಲೆ ಬರೆಯುತ್ತೇನೆ ಎನ್ನುತ್ತಾರೆ, ಓದು ಮುಗಿಯುವುದೇ ಇಲ್ಲ.

ಪ್ರಶ್ನೆ: ಪ್ರಾರ್ಥನೆಗೆ ಮೊಣಕಾಲೂರಿದ ಕೂಡಲೇ ಮನಸ್ಸು ಅಂಗಡಿ ಬಾಕಿ, ಮಗಳ ಫೀಸು ಎಂದು ಓಡುತ್ತದೆ. ಏನು ಮಾಡಲಿ?
— ಓದುಗರು, ಕೊಳ್ಳೇಗಾಲ

ಉತ್ತರ: ಮಗಳ ಫೀಸಿನಿಂದಲೇ ಶುರು ಮಾಡಿ. ಮನಸ್ಸು ಎಲ್ಲಿಗೆ ಓಡುತ್ತದೋ ಅದನ್ನೇ ದೇವರ ಮುಂದೆ ಹೇಳಿ, ಮೊತ್ತ ಎಷ್ಟು, ಕೊನೇ ದಿನಾಂಕ ಯಾವುದು ಎಂಬುದೂ ಸೇರಿ. ಅದು ಮುಗಿದ ಮೇಲೆ ಒಂದು ಕೀರ್ತನೆಯನ್ನು ಮೆಲುದನಿಯಲ್ಲಿ ಓದಿ, ಒಂದೊಂದು ವಚನಕ್ಕೂ ನಿಂತು ಅದನ್ನೇ ನಿಮ್ಮ ಮಾತಿನಲ್ಲಿ ಬೇಡಿಕೊಳ್ಳಿ. 23 ಅಥವಾ 121 ಒಳ್ಳೆಯದು, ಚಿಕ್ಕವು. ಬಾಯಿ ಮುಚ್ಚಿ ಕೂತರೆ ಮನಸ್ಸು ಬೇಗ ಜಾರುತ್ತದೆ, ತುಟಿ ಆಡುತ್ತಿದ್ದರೆ ಅಷ್ಟು ಜಾರದು. ಮೊದಲಿಗೆ ಹತ್ತೇ ನಿಮಿಷ ಸಾಕು, ಅಂಗಡಿಯ ಬಾಗಿಲು ತೆರೆಯುವ ಮುಂಚೆ.