ಬೂಟ್ ಆಗದ ವರ್ಚುವಲ್ ಮೆಷಿನ್‌ನ ಡಿಸ್ಕನ್ನು ಹೊರಗಿನಿಂದಲೇ ತಿದ್ದಬಹುದೇ?

ಈ ಬಾರಿಯ ಪ್ರಶ್ನೆಗಳೆಲ್ಲ ವರ್ಚುವಲ್ ಮೆಷಿನ್‌ಗಳ ಡಿಸ್ಕ್ ಇಮೇಜ್‌ಗೆ, ಅಂದರೆ ಮೆಷಿನ್ನಿನ ಇಡೀ ಡಿಸ್ಕನ್ನು ಹಿಡಿದಿಡುವ ಕಡತಕ್ಕೆ, ಸಂಬಂಧಿಸಿದವು. ಉತ್ತರಗಳಲ್ಲಿ ಬರುವ ಆದೇಶಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ; ಅಡ್ಡಗೆರೆ, ಓರೆಗೆರೆಗಳು ಇದ್ದಲ್ಲೇ ಇರಲಿ.

ಪ್ರಶ್ನೆ: ನಮ್ಮ ಕಾಲೇಜಿನ ಲ್ಯಾಬ್ ಸರ್ವರ್‌ನಲ್ಲಿ ಕೆವಿಎಂ (ಲಿನಕ್ಸ್‌ನಲ್ಲಿ ವರ್ಚುವಲ್ ಮೆಷಿನ್ ನಡೆಸುವ ವ್ಯವಸ್ಥೆ) ಮೇಲೆ ಉಬುಂಟು ವರ್ಚುವಲ್ ಮೆಷಿನ್ ಒಂದಿದೆ. ಅದಕ್ಕೆ ಜೋಡಿಸಿದ್ದ ಎರಡನೆಯ ಡಿಸ್ಕನ್ನು ತೆಗೆದ ಮೇಲೆ ಅದು ಮೇಲೇಳುತ್ತಿಲ್ಲ. ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡ್‌ಗೆ ಹೋಗುತ್ತದೆ. ರೂಟ್ ಖಾತೆ ಲಾಕ್ ಆಗಿದೆ ಎಂದು ಹೇಳಿ ನಿಂತುಬಿಡುತ್ತದೆ. ಒಳಗೆ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿವೆ. ಇಮೇಜನ್ನು ಲೂಪ್ ಮೌಂಟ್ ಮಾಡಿ ಎಂದು ಒಬ್ಬರು, ಗೆಸ್ಟ್‌ಫಿಶ್ ಬಳಸಿ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಡಿಸ್ಕ್ ಇಮೇಜನ್ನು ಹೊರಗಿನಿಂದ ತೆರೆದು ತಿದ್ದುವ ಸಾಧನವಾದ ಗೆಸ್ಟ್‌ಫಿಶ್ ಬಳಸಿ. ನಿಮ್ಮ ಡೇಟಾ ಎಲ್ಲಿಯೂ ಹೋಗಿಲ್ಲ, ಮರುಸ್ಥಾಪನೆಯ ಅಗತ್ಯವೂ ಇಲ್ಲ. ನೀವು ಹೇಳಿದ ಲಕ್ಷಣಗಳೆಲ್ಲ ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಜೋಡಣೆಯಾಗಬೇಕು ಎಂದು ಹೇಳುವ /ಇಟಿಸಿ/ಎಫ್‌ಎಸ್‌ಟ್ಯಾಬ್ ಕಡತದ ಕಡೆ ಬೆರಳು ಮಾಡುತ್ತವೆ. ತೆಗೆದ ಡಿಸ್ಕಿನ ಸಾಲು ಅಲ್ಲಿ ಹಾಗೆಯೇ ಉಳಿದಿದೆ. ಬೂಟ್ ನಡೆಸುವ ಸಿಸ್ಟಮ್‌ಡಿ ಆ ಡಿಸ್ಕಿಗಾಗಿ 90 ಸೆಕೆಂಡು ಕಾಯುತ್ತದೆ, ಸಿಗದಿದ್ದಾಗ ಎಮರ್ಜೆನ್ಸಿ ಮೋಡ್‌ಗೆ ಇಳಿಯುತ್ತದೆ. ಉಬುಂಟುವಿನಲ್ಲಿ ರೂಟ್ ಖಾತೆಗೆ ಸಾಮಾನ್ಯವಾಗಿ ಪಾಸ್‌ವರ್ಡ್ ಇರುವುದಿಲ್ಲವಾದ್ದರಿಂದ ಅಲ್ಲಿಯೂ ಬಾಗಿಲು ಮುಚ್ಚಿರುತ್ತದೆ.

ಇಮೇಜ್ ಕಡತವನ್ನು ಸರ್ವರ್‌ನಲ್ಲೇ ಡಿಸ್ಕಿನಂತೆ ಜೋಡಿಸುವ ಲೂಪ್ ಮೌಂಟ್ ಬೇಡವೆನ್ನಲು ಕಾರಣಗಳಿವೆ. ಲೂಪ್ ಆಗಲಿ, ಅದೇ ಬಗೆಯ ಕೆಲಸ ಮಾಡುವ ಕ್ಯೂಎಮು-ಎನ್‌ಬಿಡಿ ಆಗಲಿ, ವರ್ಚುವಲ್ ಮೆಷಿನ್‌ನ ಫೈಲ್‌ಸಿಸ್ಟಮ್ಮನ್ನು ನೇರವಾಗಿ ನಿಮ್ಮ ಸರ್ವರ್‌ನ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಕೈಗೆ ಕೊಡುತ್ತವೆ. ಅದಕ್ಕೆ ರೂಟ್ ಅಧಿಕಾರ ಬೇಕು. ಇಮೇಜ್ ಕೆಟ್ಟಿದ್ದರೆ, ಅಥವಾ ಯಾರಾದರೂ ಬೇಕೆಂದೇ ಕೆಡಿಸಿಟ್ಟಿದ್ದರೆ, ಅದರ ಪೆಟ್ಟು ಬೀಳುವುದು ಸರ್ವರ್‌ನ ಕರ್ನಲ್‌ಗೆ. ಡಿಸ್ಕ್‌ಗಳನ್ನು ವಾಲ್ಯೂಮ್ ಗ್ರೂಪ್ ಎಂಬ ಗುಂಪಾಗಿ ಸೇರಿಸಿ ಹಂಚುವ ಎಲ್‌ವಿಎಂ ಇದ್ದರೆ ಇನ್ನೊಂದು ತೊಡಕು: ಸರ್ವರ್ ಮತ್ತು ವರ್ಚುವಲ್ ಮೆಷಿನ್ ಎರಡೂ ಉಬುಂಟು ಆಗಿದ್ದರೆ ಎರಡರ ವಾಲ್ಯೂಮ್ ಗ್ರೂಪ್‌ಗೂ ಇನ್‌ಸ್ಟಾಲರ್ ಒಂದೇ ಹೆಸರು ಕೊಟ್ಟಿರುವ ಸಂಭವ ಹೆಚ್ಚು. ಆಗ ಯಾವುದು ಯಾರದು ಎಂಬ ಗೊಂದಲದಲ್ಲಿ ಸರ್ವರ್‌ನದನ್ನೇ ಮುಟ್ಟುವ ಅಪಾಯವಿದೆ.

ಗೆಸ್ಟ್‌ಫಿಶ್ ಕೆಲಸ ಮಾಡುವ ರೀತಿಯೇ ಬೇರೆ. 2009ರಲ್ಲಿ ರೆಡ್ ಹ್ಯಾಟ್‌ನ ರಿಚರ್ಡ್ ಜೋನ್ಸ್ ಆರಂಭಿಸಿದ ಲಿಬ್‌ಗೆಸ್ಟ್‌ಎಫ್‌ಎಸ್ ಯೋಜನೆಯ ಭಾಗ ಇದು. ಡಿಸ್ಕನ್ನು ತೆರೆಯಬೇಕಾದಾಗ ಅದು ಒಂದು ಪುಟ್ಟ ವರ್ಚುವಲ್ ಮೆಷಿನ್ನನ್ನು ಹುಟ್ಟುಹಾಕಿ, ನಿಮ್ಮ ಇಮೇಜನ್ನು ಅದಕ್ಕೆ ಜೋಡಿಸುತ್ತದೆ. ಫೈಲ್‌ಸಿಸ್ಟಮ್ ಮೌಂಟ್ ಆಗುವುದು ಆ ಪುಟ್ಟ ಮೆಷಿನ್ನಿನೊಳಗೆ. ಎಡವಟ್ಟಾದರೆ ಸಾಯುವುದು ಅದೇ, ಸರ್ವರ್ ಅಲ್ಲ. ಇಮೇಜ್ ಕಡತವನ್ನು ಓದುವ, ಬರೆಯುವ ಅನುಮತಿ ನಿಮಗಿದ್ದರೆ ಸಾಕು, ರೂಟ್ ಬೇಕಿಲ್ಲ. ಕಾಯಬೇಕಾದದ್ದು ಕೆಲವು ಸೆಕೆಂಡು ಮಾತ್ರ. ಕೆವಿಎಂ ಲಭ್ಯವಿಲ್ಲದ ಕಡೆ, ಉದಾಹರಣೆಗೆ ಬಾಡಿಗೆಯ ಕ್ಲೌಡ್ ಮೆಷಿನ್ನಿನೊಳಗೆ, ಅದು ಕೇವಲ ಸಾಫ್ಟ್‌ವೇರ್ ಅನುಕರಣೆಯ ಮೇಲೆ ನಡೆಯಬೇಕಾಗಿ ಬಹಳ ನಿಧಾನವಾಗುತ್ತದೆ.

ಈಗ ಕೆಲಸಕ್ಕೆ ಬರೋಣ. ಮೊದಲು ವರ್ಚುವಲ್ ಮೆಷಿನ್ ಪೂರ್ತಿ ನಿಂತಿರಬೇಕು. ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತಿದೆ ಎಂದರೆ ಅದು ಇನ್ನೂ ಓಡುತ್ತಲೇ ಇದೆ. 'ವರ್ಶ್ ಡಿಸ್ಟ್ರಾಯ್' ಎಂಬ ಆದೇಶ, ಮುಂದೆ ಮೆಷಿನ್ನಿನ ಹೆಸರು ಸೇರಿಸಿ ಕೊಟ್ಟರೆ, ಅದನ್ನು ನಿಲ್ಲಿಸುತ್ತದೆ. ಹೆಸರು ಕೇಳಿ ಹೆದರಬೇಡಿ, ಅದು ಪ್ಲಗ್ ಕಿತ್ತಂತೆ ಅಷ್ಟೆ, ಡಿಸ್ಕ್ ಅಳಿಯುವುದಿಲ್ಲ. 'ವರ್ಶ್ ಲಿಸ್ಟ್ --ಆಲ್' ಕೊಟ್ಟು ಮೆಷಿನ್ ನಿಂತಿರುವುದನ್ನು ಖಾತ್ರಿ ಮಾಡಿಕೊಳ್ಳಿ. ಓಡುತ್ತಿರುವ ಮೆಷಿನ್ನಿನ ಡಿಸ್ಕಿಗೆ ಹೊರಗಿನಿಂದ ಬರೆದರೆ ಇಬ್ಬರು ಒಂದೇ ಫೈಲ್‌ಸಿಸ್ಟಮ್ಮನ್ನು ಪರಸ್ಪರ ತಿಳಿಯದೆ ಬದಲಿಸುತ್ತಾರೆ, ಡಿಸ್ಕ್ ಹಾಳಾಗುತ್ತದೆ. ಆ ಹಾನಿ ತಕ್ಷಣ ಕಾಣಿಸದೆ ವಾರಗಳ ನಂತರ ಹೊರಬರುವುದೂ ಉಂಟು. ಈ ಒಂದು ನಿಯಮದಲ್ಲಿ ಯಾರಿಗೂ, ಎಷ್ಟೇ ಅನುಭವವಿದ್ದರೂ, ವಿನಾಯಿತಿ ಇಲ್ಲ.

ನಂತರ ಓದಲು ಮಾತ್ರ ತೆರೆಯಿರಿ:

ಸುಡೋ ಗೆಸ್ಟ್‌ಫಿಶ್ --ಆರ್‌ಓ -ಡಿ ಲ್ಯಾಬ್ -ಐ

ಇಲ್ಲಿ 'ಲ್ಯಾಬ್' ಎನ್ನುವುದು ವರ್ಚುವಲ್ ಮೆಷಿನ್‌ಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನಲ್ಲಿ ನಿಮ್ಮ ಮೆಷಿನ್ನಿಗಿರುವ ಹೆಸರು. ಲಿಬ್‌ವರ್ಟ್‌ನ ಇಮೇಜ್‌ಗಳು ಸಾಮಾನ್ಯವಾಗಿ ರೂಟ್ ಒಡೆತನದಲ್ಲಿರುವುದರಿಂದ ರೂಟ್ ಅಧಿಕಾರ ಕೊಡುವ ಸುಡೋ ಇಲ್ಲಿ ಬಂದಿದೆ. '-ಐ' ಎಂದರೆ ಒಳಗಿರುವ ಆಪರೇಟಿಂಗ್ ಸಿಸ್ಟಮ್ಮನ್ನು ಗೆಸ್ಟ್‌ಫಿಶ್ ತಾನೇ ಗುರುತಿಸಿ, ಪಾರ್ಟಿಷನ್‌ಗಳನ್ನು ಸರಿಯಾದ ಜಾಗಗಳಲ್ಲಿ ಮೌಂಟ್ ಮಾಡುತ್ತದೆ. ಅದು ಎಫ್‌ಎಸ್‌ಟ್ಯಾಬ್ ಕಡತವನ್ನೂ ಓದುತ್ತದೆ. ಇಲ್ಲದ ಡಿಸ್ಕಿನ ಬಗ್ಗೆ ಎಚ್ಚರಿಕೆ ಬಂದರೆ ಗಾಬರಿಯಾಗಬೇಡಿ, ನಿಮ್ಮ ಊಹೆಗೆ ಅದೇ ಸಾಕ್ಷಿ. '-ಐ' ಪೂರ್ತಿ ಸೋತರೆ ಅದನ್ನು ಬಿಟ್ಟು ತೆರೆಯಿರಿ. 'ರನ್' ಕೊಟ್ಟು, 'ಲಿಸ್ಟ್-ಫೈಲ್‌ಸಿಸ್ಟಮ್ಸ್' ನೋಡಿ, ಬೇಕಾದದ್ದನ್ನು 'ಮೌಂಟ್' ಆದೇಶದಿಂದ ಕೈಯಾರೆ ಜೋಡಿಸಿ. ನಿಮ್ಮ ಮೆಷಿನ್ನಿನಲ್ಲಿ ವಿಡಿಎ ಎಂದಿದ್ದ ಡಿಸ್ಕ್ ಇಲ್ಲಿ ಎಸ್‌ಡಿಎ ಎಂದು ಕಾಣಿಸುತ್ತದೆ, ಡಿಸ್ಕ್ ಮಾತ್ರ ಅದೇ.

ಒಳಗೆ ಹೋದ ಮೇಲೆ 'ಕ್ಯಾಟ್ /ಇಟಿಸಿ/ಎಫ್‌ಎಸ್‌ಟ್ಯಾಬ್' ಕೊಟ್ಟು ಕಡತವನ್ನು ನೋಡಿ. 'ವಿಎಫ್‌ಎಸ್-ಯುಯುಐಡಿ' ಆದೇಶ ಪ್ರತಿ ಪಾರ್ಟಿಷನ್ನಿನ ನಿಜವಾದ ಯುಯುಐಡಿ (ಗುರುತಿನ ಸಂಖ್ಯೆ) ತಿಳಿಸುತ್ತದೆ. ಕಡತದಲ್ಲಿದ್ದು ಡಿಸ್ಕ್‌ಗಳಲ್ಲಿ ಇಲ್ಲದ ಯುಯುಐಡಿ ಯಾವ ಸಾಲಿನಲ್ಲಿದೆಯೋ ಅದೇ ತೊಂದರೆಯ ಮೂಲ. ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳನ್ನು 'ಕಾಪಿ-ಔಟ್ /ಹೋಮ್ /ಬ್ಯಾಕಪ್' ಎಂದು ಈಗಲೇ ಹೊರಗೆ ತೆಗೆದಿಟ್ಟುಕೊಳ್ಳಿ. ಮೊದಲನೆಯದು ಮೆಷಿನ್ನಿನೊಳಗಿನ ಜಾಗ, ಎರಡನೆಯದು ಸರ್ವರ್‌ನಲ್ಲಿ ಮೊದಲೇ ಇರುವ ಡೈರೆಕ್ಟರಿ. ಓದಲು ಮಾತ್ರ ತೆರೆದಿರುವುದರಿಂದ ಈ ಹಂತದಲ್ಲಿ ಏನು ಟೈಪ್ ಮಾಡಿದರೂ ಮೂಲ ಇಮೇಜ್ ಬದಲಾಗುವುದಿಲ್ಲ.

ತಿದ್ದುವ ಮೊದಲು ಇನ್ನೊಂದು ತಪಾಸಣೆ ಬಾಕಿ ಇದೆ. ಕಾಲೇಜು ಲ್ಯಾಬ್‌ಗಳಲ್ಲಿ ಒಂದೇ ಮೂಲ ಇಮೇಜಿನ ಮೇಲೆ ಹತ್ತಾರು ಕ್ಯೂಕೌ2 ಬಗೆಯ ಇಮೇಜ್ ಪದರಗಳನ್ನು ಕಟ್ಟಿಕೊಂಡು ಪ್ರತಿ ವಿದ್ಯಾರ್ಥಿಗೂ ಒಂದೊಂದು ಮೆಷಿನ್ ಕೊಡುವ ಪದ್ಧತಿ ಇದೆ. ಅಂಥ ಮೂಲ ಇಮೇಜನ್ನು ಎಂದಿಗೂ ತಿದ್ದಬೇಡಿ. ಮೇಲಿನ ಪದರಗಳಲ್ಲಿ ಇರುವುದು ಬದಲಾದ ಭಾಗಗಳು ಮಾತ್ರ. ಕೆಳಗಿನದು ಅಲುಗಿದರೆ ಎಲ್ಲವೂ ಒಟ್ಟಿಗೆ ಕೆಡುತ್ತವೆ. 'ಕ್ಯೂಎಮು-ಐಎಂಜಿ ಇನ್ಫೋ --ಬ್ಯಾಕಿಂಗ್-ಚೈನ್' ಆದೇಶ ನೀವು ಕೊಟ್ಟ ಇಮೇಜಿನ ಕೆಳಗೆ ಏನೇನಿದೆ ಎಂಬುದನ್ನು ತೋರಿಸುತ್ತದೆ. ಅದರ ಮೇಲೆ ಯಾವ ಪದರ ನಿಂತಿದೆ ಎಂಬುದನ್ನು ಮಾತ್ರ ತೋರಿಸದು, ಆದ್ದರಿಂದ ಲ್ಯಾಬಿನ ಇತರ ಇಮೇಜ್‌ಗಳ ಮೇಲೂ ಇದನ್ನು ಓಡಿಸಿ ನೋಡಿ.

ಕೊನೆಗೆ ಬರೆಯಲು ತೆರೆಯಿರಿ: ಅದೇ ಆದೇಶದಲ್ಲಿ '--ಆರ್‌ಓ' ಬದಲು '--ಆರ್‌ಡಬ್ಲ್ಯೂ'. 'ಎಡಿಟ್ /ಇಟಿಸಿ/ಎಫ್‌ಎಸ್‌ಟ್ಯಾಬ್' ಎಂದರೆ ವಿಐ ಸಂಪಾದಕ ತೆರೆಯುತ್ತದೆ. ಆ ಸಾಲಿನ ಮುಂದೆ # ಹಾಕಿ, ಉಳಿಸಿ, 'ಎಕ್ಸಿಟ್' ಕೊಟ್ಟು, 'ವರ್ಶ್ ಸ್ಟಾರ್ಟ್ ಲ್ಯಾಬ್' ಮಾಡಿ. ಮುಂದೆ ಹೆಚ್ಚುವರಿ ಡಿಸ್ಕ್ ಸೇರಿಸುವಾಗಲೆಲ್ಲ ಅದರ ಆಯ್ಕೆಗಳಲ್ಲಿ 'ನೋಫೇಲ್' ಎಂದು ಬರೆದಿಟ್ಟರೆ, ಡಿಸ್ಕ್ ಇಲ್ಲದಿದ್ದರೂ ಮೆಷಿನ್ ಮೇಲೇಳುತ್ತದೆ.

'-ಡಿ' ಬಳಸಲು ನಾನು ಒತ್ತಾಯಿಸುವುದು ಸುಮ್ಮನೆ ಅಲ್ಲ. ಓಡುತ್ತಿರುವ ಮೆಷಿನ್ನನ್ನು ಬರೆಯಲು ತೆರೆಯಹೋದರೆ ಗೆಸ್ಟ್‌ಫಿಶ್ ಲಿಬ್‌ವರ್ಟ್‌ನ್ನು ಕೇಳಿ ತಿಳಿದು ನಿರಾಕರಿಸುತ್ತದೆ. '-ಎ' ಎಂದು ಇಮೇಜ್ ಕಡತವನ್ನೇ ಕೊಟ್ಟರೆ ಆ ರಕ್ಷಣೆ ಇರುವುದಿಲ್ಲ. ವರ್ಚುವಲ್ ಮೆಷಿನ್ ನಡೆಸುವ ಪ್ರೋಗ್ರಾಮಾದ ಕ್ಯೂಎಮು, ಆವೃತ್ತಿ 2.10ರಿಂದ ಇಮೇಜಿಗೆ ತನ್ನದೇ ಬೀಗ ಹಾಕುವುದು ನಿಜ. ಆದರೆ ಆ ಬೀಗ ತಡೆಯುವುದು ಇನ್ನೊಂದು ಕ್ಯೂಎಮುವನ್ನು ಮಾತ್ರ. ಲೂಪ್ ಮೌಂಟ್ ಅದನ್ನು ಲೆಕ್ಕಿಸುವುದಿಲ್ಲ.

ಪ್ರಶ್ನೆ: ಹಿಂದಿನ ಉದ್ಯೋಗಿ ಬಿಟ್ಟುಹೋದ ಆಲ್ಮಾಲಿನಕ್ಸ್ ಮೆಷಿನ್ನಿನ ರೂಟ್ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಗೆಸ್ಟ್‌ಫಿಶ್‌ನಿಂದ ಹೊಸ ಶ್ಯಾಡೋ ಕಡತ (ಪಾಸ್‌ವರ್ಡ್‌ಗಳ ಹ್ಯಾಶ್, ಅಂದರೆ ಗೂಢರೂಪ, ಇರುವ ಕಡತ) ಮಾಡಿ ಹಳೆಯದರ ಜಾಗದಲ್ಲಿಟ್ಟೆ. ಹ್ಯಾಶ್ ಸರಿಯಾಗಿಯೇ ಇದೆ, ಆದರೂ ಲಾಗಿನ್ ಆಗುತ್ತಿಲ್ಲ. ಏಕೆ?

ಉತ್ತರ: ಕಾರಣ ಬಹುತೇಕ ಲಿನಕ್ಸ್‌ನ ಭದ್ರತಾ ವ್ಯವಸ್ಥೆಯಾದ ಸೆಲಿನಕ್ಸ್. ಆಲ್ಮಾಲಿನಕ್ಸ್ ಕುಟುಂಬದ ಲಿನಕ್ಸ್‌ಗಳಲ್ಲಿ ಪ್ರತಿ ಕಡತಕ್ಕೂ ಒಂದು ಭದ್ರತಾ ಲೇಬಲ್ ಇರುತ್ತದೆ. ಹೊರಗಿನಿಂದ ಹೊಸದಾಗಿ ಮಾಡಿದ ಕಡತಕ್ಕೆ ಸರಿಯಾದ ಲೇಬಲ್ ಸಿಗುವುದಿಲ್ಲ. ಪಾಸ್‌ವರ್ಡ್ ಪರಿಶೀಲಿಸುವ ಪ್ರೋಗ್ರಾಮಿಗೆ ಆ ಕಡತವನ್ನು ಓದಲು ಸೆಲಿನಕ್ಸ್ ಬಿಡುವುದಿಲ್ಲ, ನಿಮಗೆ ಕಾಣುವುದು ಮಾತ್ರ ತಪ್ಪು ಪಾಸ್‌ವರ್ಡ್ ಎಂಬ ಸಂದೇಶ. ಮೆಷಿನ್ ನಿಲ್ಲಿಸಿ, ಗೆಸ್ಟ್‌ಫಿಶ್‌ನಲ್ಲಿ 'ಟಚ್ /.ಆಟೋರೀಲೇಬಲ್' ಕೊಡಿ. ಮುಂದಿನ ಬೂಟ್‌ನಲ್ಲಿ ಎಲ್ಲ ಕಡತಗಳಿಗೂ ಲೇಬಲ್ ಮತ್ತೆ ಬೀಳುತ್ತದೆ. ದೊಡ್ಡ ಡಿಸ್ಕಾದರೆ ಹೊತ್ತು ಹಿಡಿಯುತ್ತದೆ, ಮಧ್ಯದಲ್ಲಿ ನಿಲ್ಲಿಸಬೇಡಿ. ಕಡತದ ಒಡೆತನ, ಅನುಮತಿಗಳೂ ಮೊದಲಿನಂತೆಯೇ ಇವೆಯೇ ಎಂದು 'ಎಲ್‌ಎಲ್' ಆದೇಶದಿಂದ ನೋಡಿಕೊಳ್ಳಿ. ಗೆಸ್ಟ್‌ಫಿಶ್‌ನ 'ಎಡಿಟ್' ಆದೇಶ ಹಳೆಯ ಕಡತದ ಗುಣಗಳನ್ನೆಲ್ಲ ಹೊಸದಕ್ಕೆ ನಕಲಿಸುವುದರಿಂದ, ಇರುವ ಕಡತವನ್ನು ತಿದ್ದಲು ಅದೇ ಉತ್ತಮ.

ಪಾಸ್‌ವರ್ಡ್ ಬದಲಿಸುವುದಕ್ಕಂತೂ ಶ್ಯಾಡೋ ಕಡತಕ್ಕೆ ಕೈ ಹಾಕುವ ಅಗತ್ಯವೇ ಇಲ್ಲ. ಅದೇ ಬಳಗದ ವರ್ಟ್-ಕಸ್ಟಮೈಸ್ ಇದೆ:

ಸುಡೋ ವರ್ಟ್-ಕಸ್ಟಮೈಸ್ -ಡಿ ಹೆಸರು --ರೂಟ್-ಪಾಸ್‌ವರ್ಡ್ ಫೈಲ್:ಗುಪ್ತ

'ಗುಪ್ತ' ಎಂಬ ಕಡತದಲ್ಲಿ ಹೊಸ ಪಾಸ್‌ವರ್ಡ್ ಬರೆದಿಡಿ, ಕೆಲಸ ಮುಗಿದ ಮೇಲೆ ಅಳಿಸಿ. ಪಾಸ್‌ವರ್ಡನ್ನು ನೇರವಾಗಿ ಆದೇಶದಲ್ಲೇ ಬರೆದರೆ ಅದು ಸರ್ವರ್‌ನ ಪ್ರೊಸೆಸ್ ಪಟ್ಟಿಯಲ್ಲಿ ಇತರರಿಗೂ ಕಾಣುತ್ತದೆ. ಹಳೆಯ ಆವೃತ್ತಿಯಾದರೆ '--ಸೆಲಿನಕ್ಸ್-ರೀಲೇಬಲ್' ಸೇರಿಸಿ. ಹೊಸವು ಲೇಬಲ್ ಕೆಲಸವನ್ನು ತಾವೇ ಮಾಡುತ್ತವೆ.

ನಿಮ್ಮ ಪ್ರಶ್ನೆಯಲ್ಲಿ ನೀವು ಕೇಳದ ಒಂದು ಸಂಗತಿಯೂ ಅಡಗಿದೆ. ನೀವು ಇಷ್ಟು ಸುಲಭವಾಗಿ ಒಳಹೊಕ್ಕಿದ್ದೀರಿ ಎಂದರೆ, ಆ ಇಮೇಜ್ ಕಡತ ಸಿಕ್ಕ ಯಾರೇ ಆದರೂ ಹೊಕ್ಕಬಹುದು. ಬ್ಯಾಕಪ್ ಎಂದು ಪೆನ್‌ಡ್ರೈವ್‌ಗಳಲ್ಲಿ, ಹಂಚಿಕೆಯ ಫೋಲ್ಡರ್‌ಗಳಲ್ಲಿ ಇಮೇಜ್‌ಗಳನ್ನು ಇಡುವ ಕಚೇರಿಗಳು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಲಿನಕ್ಸ್‌ನ ಡಿಸ್ಕ್ ಎನ್‌ಕ್ರಿಪ್ಷನ್ ವಿಧಾನವಾದ ಲಕ್ಸ್‌ನಿಂದ ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ಮಾತ್ರ ಕೀಲಿಪದವಿಲ್ಲದೆ ಗೆಸ್ಟ್‌ಫಿಶ್‌ಗೂ ಒಳಗೆ ಹೋಗಲಾಗದು.

ಪ್ರಶ್ನೆ: ವರ್ಚುವಲ್‌ಬಾಕ್ಸ್‌ನ ವಿಂಡೋಸ್ ಮೆಷಿನ್ ನೀಲಿ ಪರದೆಗೆ ಬಂದು ನಿಲ್ಲುತ್ತದೆ. ಅದರೊಳಗಿನ ಕನ್ನಡ ಹಸ್ತಪ್ರತಿಗಳ ಸ್ಕ್ಯಾನ್‌ಗಳನ್ನು ಲಿನಕ್ಸ್ ಲ್ಯಾಪ್‌ಟಾಪಿನಿಂದ ಹೊರತೆಗೆಯಬಹುದೇ?

ಉತ್ತರ: ತೆಗೆಯಬಹುದು. ವಿಡಿಐ, ವಿಎಂಡಿಕೆ, ವಿಎಚ್‌ಡಿಎಕ್ಸ್ ಮೂರೂ ಬಗೆಯ ಇಮೇಜ್‌ಗಳನ್ನು ಕ್ಯೂಎಮು ಓದಬಲ್ಲದು, ಹಾಗಾಗಿ ಗೆಸ್ಟ್‌ಫಿಶ್ ಕೂಡ. 'ಗೆಸ್ಟ್‌ಫಿಶ್ --ಆರ್‌ಓ -ಎ ಕಡತ.ವಿಡಿಐ -ಐ' ಎಂದು ತೆರೆದು, 'ಎಲ್‌ಎಸ್ /ಯೂಸರ್ಸ್' ನೋಡಿ (ಇಲ್ಲಿ 'ಯೂಸರ್ಸ್'ನ ಮೊದಲ ಅಕ್ಷರ ದೊಡ್ಡದು), ಬೇಕಾದ ಫೋಲ್ಡರನ್ನು 'ಕಾಪಿ-ಔಟ್' ಮಾಡಿ. ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ಓರೆಗೆರೆ ಲಿನಕ್ಸ್ ರೀತಿಯದೇ ಇರಬೇಕು.

ನೀವು ಸ್ನ್ಯಾಪ್‌ಶಾಟ್ ತೆಗೆದಿದ್ದರೆ ಸ್ವಲ್ಪ ತಡೆಯಿರಿ. ವರ್ಚುವಲ್‌ಬಾಕ್ಸ್ ಆಮೇಲಿನ ಬದಲಾವಣೆಗಳನ್ನು ಬೇರೆ ವಿಡಿಐ ಕಡತದಲ್ಲಿ ಬರೆಯುತ್ತದೆ, ಅಂಥ ಕಡತವನ್ನು ಕ್ಯೂಎಮು ಓದುವುದಿಲ್ಲ. ಮೂಲ ವಿಡಿಐ ಮಾತ್ರ ತೆರೆದರೆ ಸ್ನ್ಯಾಪ್‌ಶಾಟ್‌ವರೆಗಿನ ಹಳೆಯ ಸ್ಥಿತಿ ಕಾಣುತ್ತದೆ. ಹೊಸ ಸ್ಕ್ಯಾನ್‌ಗಳು ಮಾಯವಾದವು ಎಂದು ಎದೆ ಒಡೆದುಕೊಳ್ಳುವ ಮೊದಲು ಇದನ್ನು ನೆನಪಿಡಿ. ಆ ಮೆಷಿನ್ನನ್ನು ವರ್ಚುವಲ್‌ಬಾಕ್ಸ್‌ನಲ್ಲೇ ಈಗಿನ ಸ್ಥಿತಿಯಲ್ಲಿ ಪೂರ್ಣವಾಗಿ ಕ್ಲೋನ್ ಮಾಡಿ, ಆ ಕ್ಲೋನ್‌ನ ಡಿಸ್ಕನ್ನು ತೆರೆಯಿರಿ.

ವಿಂಡೋಸ್ ಡಿಸ್ಕಿಗೆ ಬರೆಯುವ ಯೋಚನೆ ಬೇಡ. ಹೈಬರ್ನೇಟ್ ಆಗಿರುವ ಅಥವಾ ಫಾಸ್ಟ್ ಸ್ಟಾರ್ಟಪ್‌ನೊಂದಿಗೆ ಮುಚ್ಚಿದ ವಿಂಡೋಸ್, ಡಿಸ್ಕಿನ ಸ್ಥಿತಿಯನ್ನು ಅರ್ಧಕ್ಕೆ ಬಿಟ್ಟು ಮಲಗಿರುತ್ತದೆ. ಅಂಥ ವಿಂಡೋಸ್‌ನ ಎನ್‌ಟಿಎಫ್‌ಎಸ್ ಫೈಲ್‌ಸಿಸ್ಟಮ್ಮಿಗೆ ಬರೆಯಲು ಲಿನಕ್ಸ್‌ನ ಡ್ರೈವರ್ ಒಪ್ಪುವುದಿಲ್ಲ, ಒಪ್ಪದಿರುವುದೇ ಸರಿ. ಸ್ಕ್ಯಾನ್‌ಗಳು ಹೊರಬಂದ ಮೇಲೆ ವಿಂಡೋಸ್ ರಿಪೇರಿಯನ್ನು ನಿಧಾನವಾಗಿ ಮಾಡಿಕೊಳ್ಳಬಹುದು.

ಇನ್ನೊಬ್ಬರಿಂದ ಬಂದ, ನಂಬಿಕೆಯಿಲ್ಲದ ಕಚ್ಚಾ ಇಮೇಜ್ ತೆರೆಯುವವರು '--ಫಾರ್ಮ್ಯಾಟ್=ರಾ' ಎಂದು ಸ್ಪಷ್ಟವಾಗಿ ಹೇಳಲೇಬೇಕು, ಮತ್ತು ಅದನ್ನು '-ಎ' ಗಿಂತ ಮೊದಲು ಬರೆಯಬೇಕು. ಬಗೆಯನ್ನು ಊಹಿಸಲು ಬಿಟ್ಟರೆ, ಡಿಸ್ಕಿನ ಆರಂಭದಲ್ಲಿ ಕ್ಯೂಕೌ2ನ ನಕಲಿ ತಲೆಬರಹ ಬರೆದಿಟ್ಟು ನಿಮ್ಮ ಲ್ಯಾಪ್‌ಟಾಪಿನ ಕಡತವನ್ನೇ ಮೂಲ ಪದರವೆಂದು ತೋರಿಸುವ ಮೋಸ ಸಾಧ್ಯ.

ಪ್ರಶ್ನೆ: ಒಂದೇ ಇಮೇಜ್ ನಕಲಿಸಿ ಮಾಡಿದ ಮೂರು ಉಬುಂಟು ಸರ್ವರ್‌ಗಳಿಗೂ ಒಂದೇ ಐಪಿ ವಿಳಾಸ ಬರುತ್ತಿದೆ. ಮ್ಯಾಕ್ (ನೆಟ್‌ವರ್ಕ್ ಕಾರ್ಡಿನ) ವಿಳಾಸ ಬೇರೆ ಬೇರೆ ಇವೆ.

ಉತ್ತರ: ಮೂರರ /ಇಟಿಸಿ/ಮೆಷಿನ್-ಐಡಿ ಒಂದೇ ಆಗಿದೆ. ಉಬುಂಟು ಸರ್ವರ್ ವಿಳಾಸ ಕೇಳುವಾಗ ಮ್ಯಾಕ್ ಬದಲು ಅದರಿಂದ ಹುಟ್ಟಿದ ಗುರುತನ್ನು ಕೊಡುತ್ತದೆ. ನಕಲು ಮಾಡುವ ಮೊದಲು ನಿಂತಿರುವ ಇಮೇಜಿನ ಮೇಲೆ ವರ್ಟ್-ಸಿಸ್‌ಪ್ರೆಪ್ ಓಡಿಸಿ. ಅದು ಮೆಷಿನ್-ಐಡಿ, ಎಸ್‌ಎಸ್‌ಎಚ್ ಹೋಸ್ಟ್ ಕೀಲಿಗಳು, ಲಾಗ್‌ಗಳನ್ನೆಲ್ಲ ತೆಗೆಯುತ್ತದೆ. ಬಹಳಷ್ಟನ್ನು ಅಳಿಸುವ ಸಾಧನವಾದ್ದರಿಂದ ಮೂಲದ ಮೇಲಲ್ಲ, ಪ್ರತಿಯ ಮೇಲೆ ಓಡಿಸಿ. ಎಸ್‌ಎಸ್‌ಎಚ್ ಕೀಲಿಗಳು ತಾವಾಗಿ ಮರಳಿ ಹುಟ್ಟದಿದ್ದರೆ, ಮೊದಲ ಬೂಟ್ ಆದ ಮೇಲೆ ಕನ್ಸೋಲ್‌ನಿಂದ 'ಎಸ್‌ಎಸ್‌ಎಚ್-ಕೀಜೆನ್ -ಎ' ಕೊಡಬೇಕಾಗುತ್ತದೆ. ಇಲ್ಲಿನ 'ಎ' ಮಾತ್ರ ದೊಡ್ಡಕ್ಷರ.

ಪ್ರಶ್ನೆ: ಉಬುಂಟು ಲ್ಯಾಪ್‌ಟಾಪಿನಲ್ಲಿ ಗೆಸ್ಟ್‌ಫಿಶ್ ಆರಂಭವೇ ಆಗುವುದಿಲ್ಲ. ಸೂಪರ್‌ಮಿನ್ ವಿಫಲವಾಯಿತು ಎನ್ನುತ್ತದೆ. ಸುಡೋ ಹಾಕಿದರೆ ಮಾತ್ರ ನಡೆಯುತ್ತದೆ.

ಉತ್ತರ: ಗೆಸ್ಟ್‌ಫಿಶ್‌ನ ಪುಟ್ಟ ಮೆಷಿನ್ ಕಟ್ಟುವುದು ಸೂಪರ್‌ಮಿನ್, ಅದಕ್ಕೆ ಬೇಕಾಗುವುದು ನಿಮ್ಮದೇ ಲ್ಯಾಪ್‌ಟಾಪಿನ ಕರ್ನಲ್ ಕಡತ. ಉಬುಂಟು ಆ ಕಡತವನ್ನು ರೂಟ್ ಮಾತ್ರ ಓದುವಂತೆ ಇಡುತ್ತದೆ. ಸುಡೋದಿಂದಲೇ ನಡೆಸಿಕೊಂಡು ಹೋಗಬೇಡಿ. ರೂಟ್ ಇಲ್ಲದೆ ನಡೆಯುವುದೇ ಈ ಸಾಧನದ ಮುಖ್ಯ ಗುಣ. 'ಸುಡೋ ಸಿಎಚ್‌ಮಾಡ್ 0644 /ಬೂಟ್/ವಿಎಂಲಿನಜ್-*' ಕೊಟ್ಟರೆ ಸರಿಹೋಗುತ್ತದೆ. ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಮತ್ತೆ ಕೊಡಬೇಕು. ಬಳಿಕ ಲಿಬ್‌ಗೆಸ್ಟ್‌ಎಫ್‌ಎಸ್-ಟೆಸ್ಟ್-ಟೂಲ್ ಓಡಿಸಿ. ಪುಟಗಟ್ಟಲೆ ಸಾಲುಗಳು ಸುರಿಯುತ್ತವೆ, ಅವನ್ನೆಲ್ಲ ಓದಬೇಕಿಲ್ಲ. ಕಡೆಯ ಸಾಲಿನಲ್ಲಿ 'ಟೆಸ್ಟ್ ಫಿನಿಶ್ಡ್ ಓಕೆ' ಎಂದಿದ್ದರೆ ಎಲ್ಲವೂ ಸರಿಯಿದೆ. ಇಲ್ಲದಿದ್ದರೆ ಆ ಸಾಲುಗಳನ್ನು ಪೂರ್ತಿಯಾಗಿ ಈ ಅಂಕಣಕ್ಕೆ ಕಳುಹಿಸಿ, ಕೊನೆಯ ಸಾಲನ್ನು ಮಾತ್ರವಲ್ಲ.