ಇಳಿಸಿದ ತೂಕ ಮತ್ತೆ ಮತ್ತೆ ಮರಳುವುದು ಮನೋಬಲದ ಕೊರತೆಯಿಂದಲೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ವಯಸ್ಸು 38, ಇಬ್ಬರು ಮಕ್ಕಳು, ಈಗಿನ ತೂಕ 76 ಕೆ.ಜಿ.; ಆರು ವರ್ಷಗಳಲ್ಲಿ ಮೂರು ಬಾರಿ ಡಯಟ್ ಮಾಡಿ ಪ್ರತಿ ಸಲವೂ ಏಳೆಂಟು ಕಿಲೋ ಇಳಿಸಿದ್ದೀರಿ, ಪ್ರತಿ ಸಲವೂ ವರ್ಷ ತುಂಬುವುದರೊಳಗೆ ಅದು ಬಡ್ಡಿಸಮೇತ ಮರಳಿದೆ. ತಮ್ಮನ ಮದುವೆಗೆ ಇನ್ನು ಮೂರು ತಿಂಗಳಿದೆ, ಅಷ್ಟರಲ್ಲಿ 10 ಕೆ.ಜಿ. ಇಳಿಸಲು ಯಾವ ಡಯಟ್ ಒಳ್ಳೆಯದು, ನನಗೆ ಮನೋಬಲವೇ ಇಲ್ಲವೇ ಎಂದು ಕೇಳಿದ್ದೀರಿ.

ನಾನು ವೈದ್ಯಳಲ್ಲ, ತುಮಕೂರು ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ, 52 ದಾಟಿದ ಹೆಂಗಸು. ನೀವು ನಡೆದ ದಾರಿಯಲ್ಲೇ ನಾನೂ ನಡೆದವಳು ಎಂಬುದಷ್ಟೇ ಈ ಉತ್ತರ ಬರೆಯಲು ನನಗಿರುವ ಅರ್ಹತೆ. 2011ರಲ್ಲಿ ತೂಕ ಇಳಿಸುವ ಕೇಂದ್ರವೊಂದಕ್ಕೆ ಹಣ ಕಟ್ಟಿ ನಾಲ್ಕು ತಿಂಗಳಲ್ಲಿ 11 ಕೆ.ಜಿ. ಕಳೆದುಕೊಂಡೆ, ಮುಂದಿನ ಒಂದೂವರೆ ವರ್ಷದಲ್ಲಿ 13 ಕೆ.ಜಿ. ಗಳಿಸಿಕೊಂಡೆ. ನಡುವೆ ಕೂದಲು ಹಿಡಿಹಿಡಿಯಾಗಿ ಉದುರಿತು, ಎರಡು ತಿಂಗಳು ಮುಟ್ಟು ನಿಂತಿತು. 2016ರಲ್ಲಿ ಬೇರೆ ಬಗೆಯಲ್ಲಿ ಆರಂಭಿಸಿ ಎರಡು ವರ್ಷಗಳಲ್ಲಿ ಇಳಿಸಿದ 7 ಕೆ.ಜಿ. ಮಾತ್ರ, ಒಂದೆರಡು ಕಿಲೋ ಆಚೀಚೆಯಾಗುತ್ತಾ, ಇಂದಿಗೂ ಮರಳಿಲ್ಲ.

ಮೊದಲು ಮನೋಬಲದ ಮಾತು. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಯುದ್ಧದಲ್ಲಿ ಆಯುಧ ಹಿಡಿಯಲು ಒಪ್ಪದ 36 ಆರೋಗ್ಯವಂತ ಯುವಕರನ್ನು ಆರು ತಿಂಗಳ ಕಾಲ ಅರೆಹೊಟ್ಟೆಯಲ್ಲಿಟ್ಟು ಗಮನಿಸಿದರು. ಅವರಿಗೆ ಕೊಡುತ್ತಿದ್ದುದು ದಿನಕ್ಕೆ ಸುಮಾರು 1,570 ಕ್ಯಾಲೊರಿ. ತಮ್ಮ ನಂಬಿಕೆಗಾಗಿ ಸರ್ಕಾರವನ್ನೇ ಎದುರು ಹಾಕಿಕೊಂಡಿದ್ದ ಆ ಗಟ್ಟಿಗರು ಕೆಲವೇ ವಾರಗಳಲ್ಲಿ ಊಟದ ವಿಷಯ ಬಿಟ್ಟು ಬೇರೇನನ್ನೂ ಯೋಚಿಸಲಾರದವರಾದರು. ಅಡುಗೆ ಪುಸ್ತಕಗಳನ್ನು ಸಂಗ್ರಹಿಸತೊಡಗಿದರು, ತಟ್ಟೆ ನೆಕ್ಕಿದರು, ಸಣ್ಣ ಮಾತಿಗೂ ಸಿಡುಕಿದರು, ಪ್ರಯೋಗ ಮುಗಿದ ಮೇಲೆ ಹೊಟ್ಟೆ ಬಿರಿಯುವಷ್ಟು ತಿಂದರೂ ಹಸಿವು ಹಿಂಗಲಿಲ್ಲವೆಂದರು. ಅವರದು ನಮಗಿಂತ ದೊಡ್ಡ ಮೈಕಟ್ಟು, ಅವರು ಪ್ರತಿವಾರ ಬಹಳ ದೂರ ನಡೆಯಲೇಬೇಕಿತ್ತು ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು, ನಿಜ. ಆದರೂ ನನಗೆ ಆ ಕೇಂದ್ರದವರು ಬರೆದುಕೊಟ್ಟಿದ್ದ ಚೀಟಿಯಲ್ಲಿ 1,200 ಕ್ಯಾಲೊರಿ ಇತ್ತು, ಅದರ ಮೇಲೆ ಶಾಲೆ, ಅಡುಗೆ, ಮಕ್ಕಳ ಪಾಠ. ಸಂಜೆ ಐದರ ಹೊತ್ತಿಗೆ ಡಬ್ಬದಲ್ಲಿದ್ದ ಚಕ್ಕುಲಿಯತ್ತ ಕೈ ಹೋದಾಗ ನನ್ನನ್ನು ನಾನೇ ಹಳಿದುಕೊಳ್ಳುತ್ತಿದ್ದೆ. ಆ 36 ಗಂಡಸರನ್ನು ಮನೋಬಲವಿಲ್ಲದವರೆಂದು ಯಾರೂ ಅನ್ನಲಿಲ್ಲ.

ಒಳಗೆ ನಡೆಯುವುದು ಇದು. ಕೊಬ್ಬು ಕರಗಿದಂತೆ ಕೊಬ್ಬಿನ ಕೋಶಗಳು ಸ್ರವಿಸುವ ಲೆಪ್ಟಿನ್ ಎಂಬ ಹಾರ್ಮೋನ್ ಕುಸಿಯುತ್ತದೆ. ಅದನ್ನು ಮಿದುಳು ಬರಗಾಲದ ಸುದ್ದಿ ಎಂದೇ ಓದಿಕೊಂಡು ಖರ್ಚು ಹಿಡಿತ ಮಾಡುತ್ತದೆ, ಹಸಿವು ಹೆಚ್ಚಿಸುತ್ತದೆ. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ಹತ್ತು ವಾರಗಳ ಕಟ್ಟುನಿಟ್ಟಿನ ಡಯಟ್ ಮಾಡಿದವರ ಹಸಿವಿನ ಹಾರ್ಮೋನುಗಳು ಒಂದು ವರ್ಷ ಕಳೆದರೂ ಮೊದಲ ಸ್ಥಿತಿಗೆ ಬಂದಿರಲಿಲ್ಲ. ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಸಂಗಡಿಗರು ಇದನ್ನು ಲೆಕ್ಕಕ್ಕೆ ಇಳಿಸಿದ್ದಾರೆ: ಇಳಿದ ಪ್ರತಿಯೊಂದು ಕಿಲೋಗೆ ದೇಹದ ದಿನದ ಖರ್ಚು 20ರಿಂದ 30 ಕ್ಯಾಲೊರಿಯಷ್ಟು ತಗ್ಗುತ್ತದೆ, ಹಸಿವು ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ಅಂದರೆ ಎಂಟು ಕಿಲೋ ಇಳಿಸಿದ ನಿಮ್ಮ ದೇಹ ಮೊದಲಿಗಿಂತ ಸುಮಾರು 200 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತಾ, ಸುಮಾರು 800 ಕ್ಯಾಲೊರಿ ಹೆಚ್ಚು ಬೇಡುತ್ತಿತ್ತು. ಅಂಥ ಸ್ಥಿತಿಯಲ್ಲಿ ಕೆಲವು ತಿಂಗಳಾದರೂ ತೂಕ ಹಿಡಿದಿಟ್ಟಿದ್ದೀರಲ್ಲ, ಮನೋಬಲವಿಲ್ಲದೆ ಅದು ಆಗುವಂಥದ್ದಲ್ಲ.

ಆದ್ದರಿಂದ ಮೂರು ತಿಂಗಳಲ್ಲಿ 10 ಕೆ.ಜಿ. ಇಳಿಸುವ ಡಯಟ್ ಯಾವುದು ಎಂಬುದಕ್ಕೆ ನಾನು ಹೆಸರು ಹೇಳುವುದಿಲ್ಲ. ಅಷ್ಟು ಬೇಗ ಇಳಿಸಿದರೆ ಕೊಬ್ಬಿನೊಂದಿಗೆ ಸ್ನಾಯುವೂ ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಅಪಾಯ ಹೆಚ್ಚುತ್ತದೆ, ಎರಡು ಮೂರು ತಿಂಗಳ ಬಳಿಕ ಕೂದಲು ಉದುರತೊಡಗುತ್ತದೆ. ಎಂದರೆ ಸರಿಯಾಗಿ ಮದುವೆಯ ಹೊತ್ತಿಗೆ.

ಏನನ್ನಾದರೂ ಆರಂಭಿಸುವ ಮೊದಲು ರಕ್ತ ಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ. ಮುಟ್ಟು ಏರುಪೇರಾಗಿದ್ದರೆ ಪಿಸಿಒಡಿ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ಏರುಪೇರಿನ ತೊಂದರೆ) ಇದೆಯೇ ಎಂದು ಸ್ತ್ರೀರೋಗ ತಜ್ಞರಲ್ಲಿ ಕೇಳಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 24ರಷ್ಟು ಮಂದಿ ಅಧಿಕ ತೂಕದವರು, ಶೇ. 57ರಷ್ಟು ಮಂದಿ ರಕ್ತಹೀನತೆಯುಳ್ಳವರು; ಈ ಎರಡೂ ಒಂದೇ ಮೈಯಲ್ಲಿರುವುದು ನಮ್ಮಲ್ಲಿ ಅಪರೂಪವಲ್ಲ. ನನಗೂ ಹಾಗೇ ಇತ್ತು. ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ತೂಕದಿಂದ ಎಂದುಕೊಂಡು ಊಟ ಇನ್ನಷ್ಟು ಕಡಿಮೆ ಮಾಡಿದ್ದೆ. ಹಿಮೋಗ್ಲೋಬಿನ್ 9ಕ್ಕೆ ಇಳಿದಿತ್ತೆಂದು ತಿಳಿದದ್ದು ಆಮೇಲೆ. ಕಬ್ಬಿಣದ ಮಾತ್ರೆ ನುಂಗಿ ಅದು ಸರಿಹೋದ ಮೇಲಷ್ಟೇ ನಾನು ನಿಜವಾಗಿ ನಡೆಯಲು ಶಕ್ತಳಾದದ್ದು.

ಇನ್ನು ಅಡುಗೆಮನೆ. ನನ್ನ ಅನುಭವದಲ್ಲಿ ಹೆಂಗಸರ ಡಯಟ್ ಸೋಲುವುದು ಇಲ್ಲಿಯೇ, ಏಕೆಂದರೆ ಆಕೆ ತನಗೊಬ್ಬಳಿಗೇ ಬೇರೆ ಅಡುಗೆ ಮಾಡಿಕೊಳ್ಳುತ್ತಾಳೆ. 2011ರಲ್ಲಿ ನಾನು ಮನೆಯವರಿಗೆಲ್ಲ ಪೂರಿ ಕರಿದು ಬಡಿಸಿ, ಆಮೇಲೆ ಒಲೆಯ ಪಕ್ಕ ನಿಂತು ಬೇಯಿಸಿದ ಬೀನ್ಸ್ ಮತ್ತು ಓಟ್ಸ್ ಗಂಜಿ ತಿನ್ನುತ್ತಿದ್ದೆ. ಪಾತ್ರೆ ತೊಳೆಯುವ ಮುನ್ನ ಮಗ ಬಿಟ್ಟ ಅರ್ಧ ಪೂರಿ, ಚೆಲ್ಲಲು ಮನಸ್ಸು ಬಾರದ ಒಂದು ಸೌಟು ಚಿತ್ರಾನ್ನ ಬಾಯಿಗೆ ಹೋಗುತ್ತಿತ್ತು. ಚೀಟಿಯಲ್ಲಿ ಬರೆಯದ ಈ ಊಟವನ್ನು ಯಾವ ಆಹಾರ ತಜ್ಞರೂ ನನ್ನಲ್ಲಿ ಕೇಳಲಿಲ್ಲ. ಏಕಾದಶಿಯ ಉಪವಾಸವೂ ಲೆಕ್ಕ ಮಾಡಿ ನೋಡಿದರೆ ಹಾಗೆಯೇ: ಅನ್ನ ಬಿಟ್ಟು ಅವಲಕ್ಕಿ, ಸಬ್ಬಕ್ಕಿ ಕಿಚಡಿ, ಬಾಳೆಹಣ್ಣಿನ ರಸಾಯನ ತಿಂದ ದಿನ ಬೇರೆ ದಿನಗಳಿಗಿಂತ ಹೆಚ್ಚೇ ಹೊಟ್ಟೆಗೆ ಸೇರಿರುತ್ತದೆ.

ಎರಡನೆಯ ಸಲ ನನ್ನ ತಟ್ಟೆಯನ್ನು ಬಿಟ್ಟು ಮನೆಯ ಪಾತ್ರೆಯನ್ನೇ ಬದಲಾಯಿಸಲು ಹೊರಟೆ. ಮೊದಲು ಎಣ್ಣೆ. ನಾಲ್ಕು ಜನರ ನಮ್ಮ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ ಬೇಕಾಗುತ್ತಿತ್ತು. ಪ್ಯಾಕೆಟ್ ಒಡೆದ ದಿನಾಂಕವನ್ನು ಡಬ್ಬದ ಮೇಲೆ ಬರೆದಿಡಲು ಆರಂಭಿಸಿ, ಒಂದು ವರ್ಷದಲ್ಲಿ ಅದನ್ನು ಎರಡೂವರೆ ಲೀಟರಿಗೆ ತಂದೆ. ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 100 ಕ್ಯಾಲೊರಿ ಇಳಿಯಿತು, ಯಾರೂ ಹಸಿದುಕೊಂಡಿರಲಿಲ್ಲ. ಒಗ್ಗರಣೆ ಕಂಡು ಅತ್ತೆಯವರು ಕೆಲವು ದಿನ ಮುಖ ಸಣ್ಣದು ಮಾಡಿಕೊಂಡರು. ತಮ್ಮ ಮೊಣಕಾಲು ನೋವು ಸ್ವಲ್ಪ ತಗ್ಗಿದ ಮೇಲೆ ಸುಮ್ಮನಾದರು. ನಂತರ ಕಾಫಿ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ 40 ಗ್ರಾಂ, ಅಂದರೆ 160 ಕ್ಯಾಲೊರಿ. ಲೋಟಗಳನ್ನು ಎರಡಕ್ಕೆ, ಚಮಚವನ್ನು ಅರ್ಧಕ್ಕೆ ತರಲು ನನಗೆ ಐದು ತಿಂಗಳು ಹಿಡಿಯಿತು, ಇದೇ ಅತ್ಯಂತ ಕಷ್ಟದ್ದು ಎಂಬುದನ್ನೂ ಹೇಳಿಬಿಡುತ್ತೇನೆ.

ಕಡಿಮೆ ಮಾಡಿದ್ದಕ್ಕಿಂತ ಹೆಚ್ಚು ಮಾಡಿದ್ದು ನನ್ನನ್ನು ಕಾಪಾಡಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು; 60 ಕೆ.ಜಿ. ತೂಕದವರಿಗೆ ಅದು 50 ಗ್ರಾಂ. ನಮ್ಮ ಸಸ್ಯಾಹಾರಿ ಮನೆಯಲ್ಲಿ ತಿಳಿಸಾರಿನ ಬೇಳೆಯನ್ನು ನಂಬಿಕೊಂಡರೆ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಹಾಗಾಗಿ ಕೋಸಂಬರಿ ಹಬ್ಬದ ಎಲೆಯ ತುದಿಯಿಂದ ದಿನದ ತಟ್ಟೆಗೆ ಬಂತು, ಮೊಳಕೆ ಹುರುಳಿಕಾಳಿನ ಬಸ್ಸಾರು ವಾರಕ್ಕೆ ಎರಡು ಸಲವಾಯಿತು, ಸಂಜೆ ಚಕ್ಕುಲಿಯ ಜಾಗದಲ್ಲಿ ಕಡಲೆಕಾಳಿನ ಉಸಲಿ ನಿಂತಿತು. ಕಾಳು, ಸೊಪ್ಪು, ಮಜ್ಜಿಗೆ ಮೊದಲು ಹೊಟ್ಟೆ ಸೇರಿದರೆ ಅನ್ನ ತಾನಾಗಿಯೇ ಕಡಿಮೆಯಾಗುತ್ತದೆ. ಮುದ್ದೆಯ ಬಗ್ಗೆ ಒಂದು ಮಾತು: ರಾಗಿ ತಿಂದರೆ ತೂಕ ಇಳಿಯುತ್ತದೆಂದು ದೊಡ್ಡ ಮುದ್ದೆ ನುಂಗುವವರಿದ್ದಾರೆ. ರಾಗಿಯ ಸುಣ್ಣಾಂಶ ಬೇರಾವ ಧಾನ್ಯದಲ್ಲೂ ಅಷ್ಟಿಲ್ಲ, ಹಸಿವನ್ನೂ ಅದು ಹೆಚ್ಚು ಹೊತ್ತು ತಡೆಯುತ್ತದೆ. ಆದರೆ 100 ಗ್ರಾಂ ಹಿಟ್ಟಿನಲ್ಲಿ 320 ಕ್ಯಾಲೊರಿಯಷ್ಟು ಇದ್ದೇ ಇದೆ, ಅಕ್ಕಿಗಿಂತ ಸ್ವಲ್ಪವೇ ಕಡಿಮೆ.

ಗುರಿ ಎಷ್ಟಿರಬೇಕು? ಅಮೆರಿಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಮಧುಮೇಹ ತಡೆ ಅಧ್ಯಯನದಲ್ಲಿ ಇಟ್ಟುಕೊಂಡಿದ್ದ ಗುರಿ ದೇಹತೂಕದ ಶೇ. 7 ಮತ್ತು ವಾರಕ್ಕೆ 150 ನಿಮಿಷಗಳ ನಡಿಗೆಯಂಥ ಚಟುವಟಿಕೆ. ಮಧುಮೇಹ ಬರುವುದು ಶೇ. 58ರಷ್ಟು ತಗ್ಗಿತು. ಚೆನ್ನೈಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಂಥದೇ ಅಧ್ಯಯನದಲ್ಲಂತೂ ತೂಕ ಹೇಳಿಕೊಳ್ಳುವಷ್ಟು ಇಳಿಯದಿದ್ದರೂ ಮಧುಮೇಹ ಶೇ. 28ಕ್ಕಿಂತ ಹೆಚ್ಚು ಕಡಿಮೆಯಾಯಿತು. ನಿಮ್ಮ ಪಾಲಿಗೆ ಶೇ. 7 ಎಂದರೆ ಐದು ಕಿಲೋ ಚಿಲ್ಲರೆ. ಇದರ ಜೊತೆಗೆ ಸೊಂಟದ ಸುತ್ತಳತೆಯನ್ನು ಟೇಪಿನಲ್ಲಿ ಅಳೆದಿಡಿ. ಭಾರತೀಯ ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ ಬೇಕೆನ್ನುತ್ತಾರೆ. ಮುಟ್ಟಿನ ಮುಂಚಿನ ವಾರದಲ್ಲಿ ನೀರು ಸೇರಿ ಒಂದು ಕಿಲೋ, ಕೆಲವರಿಗೆ ಅದಕ್ಕೂ ಹೆಚ್ಚು ಏರುವುದರಿಂದ, ಆ ದಿನಗಳ ತೂಕವನ್ನು ಹಿಂದಿನ ತಿಂಗಳ ಅದೇ ದಿನಗಳ ತೂಕದೊಂದಿಗೆ ಹೋಲಿಸಬೇಕೇ ಹೊರತು ಹಿಂದಿನ ವಾರದೊಂದಿಗಲ್ಲ. ಇದು ಗೊತ್ತಿಲ್ಲದೆ ನಾನು ಎಷ್ಟೋ ತಿಂಗಳು ಸುಮ್ಮನೆ ಅತ್ತಿದ್ದೇನೆ.

ಇಳಿಸುವುದು ಒಂದು ಕೆಲಸ, ಇಳಿದದ್ದನ್ನು ಕಾಯುವುದು ಬೇರೆಯೇ ಕೆಲಸ. ಕನಿಷ್ಠ 13.6 ಕೆ.ಜಿ. ಇಳಿಸಿ ವರ್ಷವಾದರೂ ಕಾಯ್ದುಕೊಂಡವರನ್ನು ಅಮೆರಿಕದಲ್ಲಿ 1994ರಿಂದ ದಾಖಲಿಸಿಕೊಳ್ಳುತ್ತಾ ಬಂದಿದ್ದಾರೆ. ಹತ್ತು ಸಾವಿರಕ್ಕೂ ಹೆಚ್ಚಿನ ಆ ಜನರಲ್ಲಿ ಐವರಿಗೆ ನಾಲ್ವರು ಹೆಂಗಸರು. ಅವರು ತೂಕ ಇಳಿಸಿದ ಬಗೆ ನಾನಾ ತರಹ. ಕಾಯುವ ಬಗೆಯಲ್ಲಿ ಮಾತ್ರ ಹೋಲಿಕೆಯಿದೆ: ಹೆಚ್ಚಿನವರು ಬೆಳಗಿನ ತಿಂಡಿ ಬಿಡುವುದಿಲ್ಲ, ವಾರಕ್ಕೊಮ್ಮೆಯಾದರೂ ತೂಕ ನೋಡುತ್ತಾರೆ, ದಿನಕ್ಕೆ ಸರಾಸರಿ ಒಂದು ಗಂಟೆ ಮೈ ದಣಿಸುತ್ತಾರೆ. ನಾನು ಬೆಳಿಗ್ಗೆ 40 ನಿಮಿಷ ಕೆರೆ ಏರಿಯ ಮೇಲೆ ನಡೆಯುತ್ತೇನೆ. ವಾರಕ್ಕೆ ಎರಡು ಸಲ ನೀರು ತುಂಬಿದ ಎರಡು ಬಾಟಲಿ ಹಿಡಿದು ತೋಳಿನ ವ್ಯಾಯಾಮ, ಕುರ್ಚಿ ಹಿಡಿದು ಬಸ್ಕಿ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಸ್ನಾಯು ಕರಗಿ ಕೊಬ್ಬು ಹೊಟ್ಟೆಯ ಕಡೆಗೆ ಸರಿಯುವುದರಿಂದ ನಡಿಗೆಯೊಂದೇ ಸಾಲದು. ತೂಕ ಎರಡು ಕಿಲೋ ಏರಿದರೆ, ಅಲ್ಲಿಯೇ, ಆ ತಿಂಗಳೇ, ಎಣ್ಣೆ ಡಬ್ಬದ ದಿನಾಂಕ ಮತ್ತು ಸಂಜೆಯ ಕುರುಕಲು ಎರಡನ್ನೂ ನೋಡುತ್ತೇನೆ. ಐದು ಕಿಲೋ ಆಗುವ ತನಕ ಕಾದರೆ ಮತ್ತೆ ಡಯಟ್ ಚೀಟಿ ಹುಡುಕಬೇಕಾಗುತ್ತದೆ.

2025ರಿಂದ ನಮ್ಮಲ್ಲೂ ಸಿಗುತ್ತಿರುವ ತೂಕದ ಚುಚ್ಚುಮದ್ದುಗಳ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅವು ಹಸಿವನ್ನು ನಿಜವಾಗಿಯೂ ತಗ್ಗಿಸುತ್ತವೆ, ಅಗತ್ಯವಿರುವವರಿಗೆ ವೈದ್ಯರು ಕೊಡುತ್ತಾರೆ. ಆದರೆ ಅಂಥ ಮದ್ದುಗಳಲ್ಲೊಂದಾದ ಸೆಮಾಗ್ಲುಟೈಡ್ ನಿಲ್ಲಿಸಿದವರ ಅಧ್ಯಯನದಲ್ಲಿ, ಇಳಿದಿದ್ದ ತೂಕದ ಮೂರರಲ್ಲಿ ಎರಡು ಪಾಲು ಒಂದು ವರ್ಷದೊಳಗೆ ಮರಳಿತ್ತು. ಮದುವೆಗೆಂದು ಮೂರು ತಿಂಗಳು ಚುಚ್ಚಿಸಿಕೊಳ್ಳುವ ಔಷಧ ಅದಲ್ಲ.

ಮದುವೆಯ ವಿಷಯಕ್ಕೆ ಬರುವುದಾದರೆ, ಮೂರು ತಿಂಗಳಲ್ಲಿ ಹಸಿಯದೆ ಎರಡು ಮೂರು ಕಿಲೋ ಇಳಿಯಬಹುದು, ಸೊಂಟ ಒಂದಿಂಚು ತಗ್ಗಬಹುದು. ರವಿಕೆಯ ಅಳತೆಯನ್ನು ಇಳಿಯಲಿರುವ ತೂಕಕ್ಕೆ ಕೊಡಬೇಡಿ, ಈಗಿನ ಮೈಗೇ ಕೊಡಿ; ಒಳಗೆ ಎರಡೂ ಬದಿ ಬಟ್ಟೆ ಬಿಟ್ಟು ಹೊಲಿಯಲು ಹೇಳಿದರೆ, ಹಿಡಿಸುವುದಕ್ಕೂ ಬಿಡಿಸುವುದಕ್ಕೂ ದರ್ಜಿಗೆ ಹತ್ತು ನಿಮಿಷದ ಕೆಲಸ.