ವಿಕ್ಕಾ ಕಲಿಯಬೇಕು. ದುಡ್ಡು ಕೊಟ್ಟು ಆನ್‌ಲೈನಲ್ಲಿ ಸ್ಪೆಲ್ ಮಾಡಿಸಬಹುದಾ?

ನೀವು ಕೇಳಿರೋದು ಇಷ್ಟು: ಇಂಗ್ಲೆಂಡಿನಲ್ಲಿ ಹುಟ್ಟಿದ, ಪ್ರಕೃತಿಯನ್ನು ಪೂಜಿಸುವ ವಿಕ್ಕಾ ಅನ್ನೋ ಧರ್ಮದ ಬಗ್ಗೆ ಓದಿ ಆಸಕ್ತಿ ಬಂದಿದೆ. ಇಂಟರ್ನೆಟ್ಟಿನಲ್ಲಿ ಸಿಕ್ಕ ಒಬ್ಬರು, 18,000 ರೂಪಾಯಿ ಕೊಟ್ಟರೆ ದೂರವಾದ ಹುಡುಗಿ 21 ದಿನದಲ್ಲಿ ವಾಪಸ್ ಬರುವ ಹಾಗೆ ಸ್ಪೆಲ್, ಅಂದರೆ ಮಂತ್ರ, ಹಾಕ್ತೀನಿ, ಆಮೇಲೆ ನಿಮಗೂ ಕಲಿಸ್ತೀನಿ ಅಂದಿದ್ದಾರೆ. ಕೊಡಬಹುದಾ?

ಕೊಡಬೇಡಿ. ವಿಕ್ಕಾ ಖಂಡಿತ ಕಲಿಯಿರಿ, ಆದರೆ ಅವರ ಹತ್ತಿರ ಬೇಡ.

ನಮ್ಮೂರು ತೀರ್ಥಹಳ್ಳಿ ಕಡೆ. ಈಗ ಇರೋದು ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ. 2018ರಲ್ಲಿ ನನ್ನ ನಿಶ್ಚಿತಾರ್ಥ ಮುರಿದುಬಿತ್ತು. ರಾತ್ರಿ ನಿದ್ದೆ ಇಲ್ಲ. ಮೊಬೈಲ್ ಹಿಡಿದು ಕೂತರೆ ಬೆಳಗಾಗುತ್ತಿತ್ತು. ಅಂಥ ಒಂದು ರಾತ್ರಿ ನನಗೂ ಆನ್‌ಲೈನಲ್ಲಿ ಸ್ಪೆಲ್ ಹಾಕುವ ಒಬ್ಬರು ಸಿಕ್ಕಿದರು. ಏಳು ನೂರು ವರ್ಷದಿಂದ ತಮ್ಮ ವಂಶದಲ್ಲಿ ವಿಕ್ಕಾ ನಡೆದುಬಂದಿದೆ ಅಂದರು. ನಿಶ್ಚಿತಾರ್ಥ ಆಗಿದ್ದ ಹುಡುಗನ ಫೋಟೋ, ಹುಟ್ಟಿದ ದಿನ, ಅವನ ತಾಯಿಯ ಹೆಸರು ಕೇಳಿದರು. ಎಲ್ಲ ಕೊಟ್ಟೆ. ಜೊತೆಗೆ 60 ಪೌಂಡ್.

ಮೂರು ದಿನ ಬಿಟ್ಟು ಒಂದು ಫೋಟೋ ಬಂತು. ಅಂಚು ಒಡೆದ ಬಿಳಿ ತಟ್ಟೆ, ಅದರ ಮೇಲೆ ಅರ್ಧ ಉರಿದ ಕಪ್ಪು ಮೇಣದ ಬತ್ತಿ, ಮೇಣ ಎಡಕ್ಕೆ ಹರಿದಿದೆ. "ನೋಡಿ, ಎಡಕ್ಕೆ ಹರಿದಿದೆ. ಯಾರೋ ನಿಮಗೆ ತಡೆ ಹಾಕಿಸಿದ್ದಾರೆ. ಅದನ್ನು ಮೊದಲು ತೆಗೆಯಬೇಕು." ಅದಕ್ಕೆ 140 ಪೌಂಡ್. ಆಮೇಲೆ ಇನ್ನೂ 300 ಬೇಕು ಅಂದರು. ಇನ್ನು ಸಾಕು ಅಂದಾಗ ಬಂದ ಮೆಸೇಜು ಇವತ್ತಿಗೂ ನೆನಪಿದೆ: "ಅರ್ಧಕ್ಕೆ ಬಿಟ್ಟರೆ ಅದು ತಿರುಗಿ ನಿಮ್ಮ ತಾಯಿಗೆ ಬಡಿಯುತ್ತದೆ." ಅಮ್ಮ ಊರಲ್ಲಿ ಒಬ್ಬರೇ ಇದ್ದರು. ಕೈ ನಡುಗುತ್ತಾ 300 ಕಳಿಸಿದೆ. ಎರಡು ತಿಂಗಳಾದ ಮೇಲೆ ಅದೇ ತಟ್ಟೆ, ಅದೇ ಒಡೆದ ಅಂಚು, ಅದೇ ಬತ್ತಿ ಬೇರೆ ಯಾರದೋ ಹೆಸರಿನ ಪೇಜಿನಲ್ಲಿ ಕಾಣಿಸಿತು.

ನಿಮಗೂ ಹೀಗೇ ಆಗುತ್ತೆ. ಮೊದಲ ದುಡ್ಡು ಆಸೆಗೆ ಕೊಡುತ್ತೀರಿ. ಎರಡನೆಯದು ಇಷ್ಟು ಕೊಟ್ಟಾಗಿದೆಯಲ್ಲ ಅಂತ. ಮೂರನೆಯದು ಹೆದರಿಕೆಗೆ.

ನಿಜವಾದ ವಿಕ್ಕಾ ನನಗೆ ಸಿಕ್ಕಿದ್ದು ಇದೆಲ್ಲ ಮುಗಿದ ಮೇಲೆ, ನಮ್ಮ ಬೀದಿಯ ಕೊನೆಯ ಮನೆಯಲ್ಲಿ. ಅಲ್ಲಿದ್ದವರು ನರ್ಸ್ ಆಗಿ ರಿಟೈರ್ ಆದ ಒಬ್ಬ ಅಜ್ಜಿ. ಮೂವತ್ತು ವರ್ಷದಿಂದ ವಿಕ್ಕಾ ನಡೆಸಿಕೊಂಡು ಬಂದವರು. ನನ್ನ ಕತೆ ಕೇಳಿ ಅವರಿಗೆ ತುಂಬಾ ಸಿಟ್ಟು ಬಂತು, ನನ್ನ ಮೇಲಲ್ಲ. ಹುಣ್ಣಿಮೆಗೆ ಬಾ ಅಂದರು. ನಾನು ಕೋಡುಬಳೆ ಮಾಡಿಕೊಂಡು ಹೋದೆ.

ಹಿತ್ತಲಲ್ಲಿ ಜಾಮ್ ಬಾಟಲಿಯೊಳಗೆ ಒಂದು ಮೇಣದ ಬತ್ತಿ. ಬಟ್ಟಲಲ್ಲಿ ನೀರು, ಅದಕ್ಕೆ ಮೂರು ಚಿಟಿಕೆ ಉಪ್ಪು. ಆ ನೀರನ್ನು ಸುತ್ತ ಚಿಮುಕಿಸಿ, ನಾಲ್ಕು ದಿಕ್ಕಿಗೂ ನಮಸ್ಕಾರ ಹೇಳಿದರು. ಆಮೇಲೆ ನನ್ನ ಕೈಗೆ ಚೀಟಿ ಕೊಟ್ಟು, ಏನು ಬೇಕೋ ಬರಿ ಅಂದರು. ನಾನು ಅವನ ಹೆಸರು ಬರೆದೆ. ಅವರು ಬತ್ತಿಯ ಬೆಳಕಿಗೆ ಹಿಡಿದು ಓದಿದರು. ಹೆಸರಿನ ಮೇಲೆ ಒಂದು ಗೀಟು ಎಳೆದರು. "ಅವನು ಒಪ್ಪಿಲ್ಲವಲ್ಲ, ಇದು ಆಗಲ್ಲ. ನಿನಗೆ ಏನು ಬೇಕು ಅದನ್ನು ಬರಿ." ತುಂಬಾ ಹೊತ್ತು ಕೂತು, "ರಾತ್ರಿ ನಿದ್ದೆ ಬರಲಿ" ಅಂತ ಬರೆದೆ. ಅದನ್ನು ಸುಟ್ಟು, ಬೂದಿಯನ್ನು ಗುಲಾಬಿ ಗಿಡದ ಬುಡಕ್ಕೆ ಹಾಕಿದೆವು. ಕೊನೆಗೆ ಬ್ರೆಡ್ಡು, ಕೋಡುಬಳೆ ಹಂಚಿಕೊಂಡು ತಿಂದೆವು. ಅವರು ಒಂದು ಪೈಸೆ ತಗೊಳ್ಳಲಿಲ್ಲ.

ಆ ಗೀಟು ಏನು ಅಂತ ನಿಮಗೆ ಅರ್ಥವಾಗಬೇಕು. ವಿಕ್ಕಾದಲ್ಲಿ ಹೆಚ್ಚಿನವರು ನೆನೆಯುವ ಒಂದು ಮಾತಿದೆ: ಯಾರಿಗೂ ಕೆಡುಕಾಗದಿದ್ದರೆ, ನಿನ್ನ ಮನಸ್ಸಿಗೆ ಬಂದ ಹಾಗೆ ಮಾಡು. ಒಬ್ಬ ಹುಡುಗಿಯ ಮನಸ್ಸನ್ನು ಅವಳಿಗೆ ಗೊತ್ತಿಲ್ಲದ ಹಾಗೆ ತಿರುಗಿಸೋದು ಕೆಡುಕೇ ಅಲ್ವಾ? ಅದಕ್ಕೇ ವಿಕ್ಕಾ ನಂಬುವ ಬಹಳ ಜನ ಇಂಥ ಸ್ಪೆಲ್‌ಗೆ ಕೈ ಹಾಕೋದಿಲ್ಲ. ನಿಮಗೆ ಸಿಕ್ಕವರು ಮಾರುತ್ತಿರೋದು ನಮ್ಮೂರಿನ ಬಸ್‌ಸ್ಟ್ಯಾಂಡ್ ಗೋಡೆಯ ಮೇಲೆ ಅಂಟಿಸಿರುವ ವಶೀಕರಣವನ್ನೇ. ಹೆಸರು ಮಾತ್ರ ಇಂಗ್ಲಿಷಿನದು.

ಆ ಏಳು ನೂರು ವರ್ಷದ ಮಾತೂ ನಿಲ್ಲೋದಿಲ್ಲ. ವಿಕ್ಕಾ ಹೊಸ ಧರ್ಮ. ಇದನ್ನು ಜನರ ಮುಂದೆ ತಂದವರು ಜೆರಾಲ್ಡ್ ಗಾರ್ಡ್‌ನರ್. ಸಿಲೋನಿನ ಟೀ ತೋಟಗಳಲ್ಲಿ, ಆಮೇಲೆ ಮಲಯಾದಲ್ಲಿ ಕಸ್ಟಮ್ಸ್ ಅಧಿಕಾರಿಯಾಗಿ ದುಡಿದು, 1936ರಲ್ಲಿ ರಿಟೈರ್ ಆಗಿ ಇಂಗ್ಲೆಂಡಿಗೆ ವಾಪಸ್ ಬಂದವರು. 1939ರಲ್ಲಿ ನಮ್ಮ ಪಕ್ಕದ ನ್ಯೂ ಫಾರೆಸ್ಟ್ ಕಡೆಯ ಒಂದು ಗುಂಪು ತಮಗೆ ದೀಕ್ಷೆ ಕೊಟ್ಟಿತು ಅಂತ ಹೇಳಿಕೊಂಡರು. ಅವರ ಪುಸ್ತಕ ಬಂದದ್ದು 1954ರಲ್ಲಿ. ಈಗ ಪೂಜೆಯಲ್ಲಿ ಹೇಳುವ ಎಷ್ಟೋ ಚೆಂದದ ಸಾಲುಗಳು 1953ರಲ್ಲಿ ದೀಕ್ಷೆ ಪಡೆದ ಡೊರೀನ್ ವೇಲಿಯೆಂಟ್ ಎಂಬ ಹೆಣ್ಣುಮಗಳ ಕೈಯಿಂದ ಬಂದವು. ಹೊಸದು ಅಂದ ಮಾತ್ರಕ್ಕೆ ಅದರ ಬೆಲೆ ಕಡಿಮೆ ಆಗೋದಿಲ್ಲ. ಆದರೆ ಅಜ್ಜನ ಅಜ್ಜನ ಕಾಲದ ವಿಕ್ಕಾ ಅಂತ ಯಾರಾದರೂ ಅಂದರೆ ಎದ್ದು ಬನ್ನಿ.

ಇನ್ನೊಂದು ವಿಷಯ. ಇಂಗ್ಲೆಂಡಿನಲ್ಲಿ 1735ರ ಮಾಟದ ಕಾಯ್ದೆಯನ್ನು 1951ರಲ್ಲಿ ತೆಗೆದುಹಾಕಿದರು. ಅದಾದ ಮೇಲೇ ಗಾರ್ಡ್‌ನರ್ ಧೈರ್ಯವಾಗಿ ಬರೆಯಲು ಆಗಿದ್ದು. ಅದರ ಜಾಗಕ್ಕೆ ತಂದ ಕಾಯ್ದೆ, ಸತ್ತವರ ಜೊತೆ ಮಾತಾಡಿಸ್ತೀನಿ ಅಂತ ಮೋಸ ಮಾಡಿ ದುಡ್ಡು ಕೀಳುವವರಿಗೆ ಅಂತಲೇ ಇತ್ತು. ನಂಬೋದು ತಪ್ಪಲ್ಲ, ನಂಬಿಸಿ ಕೀಳೋದು ತಪ್ಪು ಅನ್ನುವ ಆ ಲೆಕ್ಕ ನನಗೆ ಸರಿ ಅನಿಸುತ್ತೆ.

ಕಲಿಯೋದು ಹೇಗೆ ಅಂತೀರಾ? ಗಾರ್ಡ್‌ನರ್ ಪರಂಪರೆಯ ಗುಂಪುಗಳಿಗೆ ಕೋವೆನ್ ಅಂತಾರೆ. ಸೇರೋದಕ್ಕೆ ಮುಂಚೆ ಸಾಮಾನ್ಯವಾಗಿ ಒಂದು ವರ್ಷ ಒಂದು ದಿನ ಕಾಯಿಸುತ್ತಾರೆ. ದೀಕ್ಷೆಗೆ ದುಡ್ಡು ತಗೊಳ್ಳೋದು ಅವರಲ್ಲಿ ನಿಷಿದ್ಧ. ಊರಲ್ಲಿ ಕೋವೆನ್ ಇಲ್ಲದಿದ್ದರೂ ತೊಂದರೆ ಇಲ್ಲ, ಒಬ್ಬರೇ ನಡೆಸುವವರು ಜಾಸ್ತಿ ಇದ್ದಾರೆ. ಒಂದು ನೋಟ್‌ಬುಕ್ ತಗೊಳ್ಳಿ. ದಿನಾ ಚಂದ್ರ ಎಲ್ಲಿದ್ದಾನೆ, ಗಿಡ ಮರದಲ್ಲಿ ಏನು ನಡೀತಿದೆ, ನಿಮ್ಮ ಮನಸ್ಸು ಹೇಗಿದೆ, ಮೂರೇ ಸಾಲು ಬರೆಯಿರಿ. ಹಾಗೆ ಒಂದು ವರ್ಷ.

ವಿಕ್ಕಾದ ಎಂಟು ಹಬ್ಬಗಳು ಇಲ್ಲಿನ ಹವಾಮಾನಕ್ಕೆ ಹೊಂದಿಕೊಂಡವು. ಫೆಬ್ರವರಿ ಮೊದಲ ವಾರದ್ದು ಕುರಿಗಳು ಮರಿ ಹಾಕುವ ಕಾಲದ್ದು, ಆಗಸ್ಟ್ 1ರದ್ದು ಹೊಸ ಗೋಧಿ ರೊಟ್ಟಿಯದು. ಅದನ್ನು ಕರ್ನಾಟಕದಲ್ಲಿ ಸುಮ್ನೆ ಕಾಪಿ ಮಾಡಿದರೆ ಒಣಕಲು ಅನಿಸುತ್ತೆ. ಅಜ್ಜಿಗೆ ನಮ್ಮ ಭೂಮಿ ಹುಣ್ಣಿಮೆಯ ಬಗ್ಗೆ ಹೇಳಿದ್ದೆ. ಭತ್ತ ಹೊಡೆ ತುಂಬಿದಾಗ ಭೂಮಿ ಬಸುರಿ ಅಂತ ಗದ್ದೆಗೆ ಹೋಗಿ ಚರಗ ಬೀರುತ್ತೇವಲ್ಲ, ಅದು. ಎರಡು ಸಲ ಹೇಳಿಸಿಕೊಂಡು ಕೇಳಿದರು. "ಇದನ್ನು ಬಿಟ್ಟು ನನ್ನ ಹಿತ್ತಲಿಗೆ ಬಂದಿದ್ದೀಯಲ್ಲ!" ಅಂದರು.

ನಿಮ್ಮ ಹುಡುಗಿ ದೂರವಾದ ನೋವು ದೊಡ್ಡದು. ಅದನ್ನು ನಾನು ಸಣ್ಣದು ಅನ್ನೋದಿಲ್ಲ. ಆದರೆ ಅವಳ ಫೋಟೋ, ಹುಟ್ಟಿದ ದಿನ ಮಾತ್ರ ಆ ಅಪರಿಚಿತರಿಗೆ ಕಳಿಸಬೇಡಿ, ದಯವಿಟ್ಟು. ಅದು ಅವಳದ್ದು.

ಈಗಾಗಲೇ ಅಡ್ವಾನ್ಸ್ ಕಳಿಸಿದ್ದರೆ ಚಾಟ್ ಅಳಿಸಬೇಡಿ. ಸ್ಕ್ರೀನ್‌ಶಾಟ್, ಯುಪಿಐ ನಂಬರ್ ಇಟ್ಟುಕೊಂಡು ಇವತ್ತೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ದುಡ್ಡು ತಡೆಹಿಡಿಯೋದು ಕಷ್ಟ. ಹೆದರಿಸಿದರೆ ಉತ್ತರ ಕೊಡದೆ ಬ್ಲಾಕ್ ಮಾಡಿ. ನಮ್ಮಮ್ಮನಿಗೆ ಏನೂ ಆಗಲಿಲ್ಲ. ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ನಾನು ಅಕ್ಕನಿಗೆ ಹೇಳಿದ್ದು ಮೂರನೇ ಸಲ ಕಳಿಸಿದ ಮೇಲೆ. ಒಂದು ದಿನ ಮೊದಲು ಹೇಳಿದ್ದರೆ ಆ 300 ಪೌಂಡ್ ಆದರೂ ಉಳಿಯುತ್ತಿತ್ತು.